ಜೀವಿಗಳಲ್ಲಿ ನೀರು, ಪಿಷ್ಟ, ಜಿಡ್ಡು: ಕೈವಾರ ಸೀಮೆಯ ಹೊಲಮನೆಗಳಿಂದ ಒಂದು ರಸಾಯನ ಪಾಠ

ಕೈವಾರವೇ ಹಿಂದಿನ ಏಕಚಕ್ರಪುರವೆಂದೂ, ಭೀಮನು ಬಕಾಸುರನನ್ನು ಸಂಹರಿಸಿದ್ದು ಇಲ್ಲಿಯೇ ಎಂದೂ ಸ್ಥಳಪುರಾಣ ಹೇಳುತ್ತದೆ. ಬಂಡಿಗಟ್ಟಲೆ ಅನ್ನವನ್ನು ಉಂಡವನ ಕಥೆ ಬೇರೂರಿದ ಊರಿನಲ್ಲಿ, ಉಂಡ ಅನ್ನವು ಒಡಲೊಳಗೆ ಏನಾಗುತ್ತದೆಂದು ವಿಚಾರಿಸುವುದು ಅನುಚಿತವಾಗಲಾರದು. ಈ ವಿಚಾರಕ್ಕೆ ದೂರದ ಪ್ರಯೋಗಶಾಲೆಯೇ ಬೇಕೆಂದೇನೂ ಇಲ್ಲ. ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು, ಚಿಕ್ಕಬಳ್ಳಾಪುರಗಳ ಹೊಲ, ಹಿತ್ತಿಲು, ಅಡುಗೆಮನೆಗಳೇ ಸಾಕು.

ಮೊದಲನೆಯದು ನೀರು. ಪ್ರಾಯದ ಮನುಷ್ಯನ ತೂಕದಲ್ಲಿ ನೂರಕ್ಕೆ ಸುಮಾರು 60 ಭಾಗ ನೀರೇ ಇರುತ್ತದೆ. ನೀರಿನ ಅಣುವಿನಲ್ಲಿ ಎರಡು ಜಲಜನಕ ಪರಮಾಣುಗಳು ಒಂದು ಆಮ್ಲಜನಕ ಪರಮಾಣುವಿನೊಡನೆ ಸರಳರೇಖೆಯಲ್ಲಿ ಕೂಡಿರದೆ, ಸುಮಾರು 104.5 ಡಿಗ್ರಿಗಳ ಕೋನದಲ್ಲಿ ಬಾಗಿ ಕೂಡಿವೆ. ಆಮ್ಲಜನಕವು ಎಲೆಕ್ಟ್ರಾನುಗಳನ್ನು ತನ್ನೆಡೆಗೆ ಹೆಚ್ಚಾಗಿ ಸೆಳೆಯುವುದರಿಂದ ಅಣುವಿನ ಆ ಬದಿ ಕೊಂಚ ಋಣವೂ ಜಲಜನಕದ ಬದಿ ಕೊಂಚ ಧನವೂ ಆಗಿರುತ್ತದೆ. ಆದ್ದರಿಂದ ಅಣುಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಲವಣ, ಸಕ್ಕರೆಗಳನ್ನು ಸುಲಭವಾಗಿ ಕರಗಿಸಿಕೊಳ್ಳುತ್ತವೆ. ರಕ್ತವಾಗಲಿ, ಗಿಡದ ರಸವಾಗಲಿ ಆಹಾರವನ್ನು ಹೊತ್ತೊಯ್ಯುವುದು ಈ ಗುಣದಿಂದಲೇ. ಹಿಪ್ಪುನೇರಳೆ ಸೊಪ್ಪು ತಿನ್ನುವ ರೇಷ್ಮೆಹುಳು ಬೇರೆ ನೀರು ಕುಡಿಯುವುದಿಲ್ಲ. ಅದಕ್ಕೆ ಬೇಕಾದ ನೀರೆಲ್ಲವೂ ಎಲೆಯಿಂದಲೇ ಬರಬೇಕು. ಬಾಡಿದ ಸೊಪ್ಪನ್ನು ಹಾಕಿದರೆ ಹುಳು ಸೊರಗುವುದಕ್ಕೆ ಕಾರಣವಿದು.

ಆದರೆ ಕರಗಿಸುವ ಶಕ್ತಿಗೆ ಒಳಿತು ಕೆಡುಕುಗಳ ವಿವೇಚನೆಯಿಲ್ಲ. ಜೀವನದಿಯಿಲ್ಲದ ಈ ಸೀಮೆಯಲ್ಲಿ ಕೊಳವೆಬಾವಿಗಳು ಆಳಕ್ಕಿಳಿದಂತೆ, ಕಗ್ಗಲ್ಲಿನ ಖನಿಜಗಳೊಡನೆ ಬಹುಕಾಲ ಬೆರೆತಿದ್ದ ನೀರು ಫ್ಲೋರೈಡನ್ನೂ ಕರಗಿಸಿಕೊಂಡು ಮೇಲೆ ಬರುತ್ತದೆ. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಅದು 1.5 ಮಿಲಿಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಜಿಲ್ಲೆಯ ಹಲವು ಗ್ರಾಮಗಳ ಬಾವಿಗಳಲ್ಲಿ ಈ ಮಿತಿ ಮೀರಿದೆ. ಅಧಿಕ ಫ್ಲೋರೈಡು ಬೆಳೆಯುವ ಮಕ್ಕಳ ಹಲ್ಲಿನಲ್ಲಿ ಕಲೆಯನ್ನೂ, ವರ್ಷಗಳ ಮೇಲೆ ಮೂಳೆಗಳಲ್ಲಿ ಬಿಗಿತವನ್ನೂ ಉಂಟುಮಾಡುತ್ತದೆ. ನೀರನ್ನು ಕುದಿಸಿದರೆ ಕ್ರಿಮಿಗಳು ಸಾಯುತ್ತವೆಯೇ ಹೊರತು ಫ್ಲೋರೈಡು ಹೋಗುವುದಿಲ್ಲ; ಆವಿಯಾಗಿ ಹೋದ ನೀರಿನಷ್ಟು ಅದು ಇನ್ನೂ ಗಾಢವಾಗುತ್ತದೆ. ಮನೆಮನೆಯೂ ತಿಳಿಯಬೇಕಾದ ಸಂಗತಿಯಿದು.

ಎರಡನೆಯದು ಶರ್ಕರಪಿಷ್ಟಗಳು. ಇವು ಇಂಗಾಲ, ಜಲಜನಕ, ಆಮ್ಲಜನಕಗಳಿಂದಾದವು. ಹಸುರೆಲೆಯು ಸೂರ್ಯನ ಬೆಳಕಿನಲ್ಲಿ ನೀರನ್ನೂ ಇಂಗಾಲದ ಡೈಆಕ್ಸೈಡನ್ನೂ ಕೂಡಿಸಿ ಗ್ಲೂಕೋಸನ್ನು ರಚಿಸುತ್ತದೆ. ಗ್ಲೂಕೋಸಿನ ಅಣುಗಳು ಸರಪಣಿಯಂತೆ ಹೆಣೆದುಕೊಂಡಾಗ ಪ್ರತಿಯೊಂದು ಕೊಂಡಿಗೂ ನೀರಿನ ಒಂದು ಅಣು ಹೊರಬೀಳುತ್ತದೆ. ಜೀರ್ಣವಾಗುವಾಗ ಪ್ರತಿಯೊಂದು ಕೊಂಡಿಯನ್ನು ಬಿಡಿಸಲು ನೀರಿನ ಒಂದು ಅಣು ಮತ್ತೆ ಒಳಸೇರುತ್ತದೆ. ಕಟ್ಟುವಾಗ ನೀರನ್ನು ಬಿಡುವುದು, ಬಿಚ್ಚುವಾಗ ನೀರನ್ನು ಪಡೆಯುವುದು: ಜೀವರಸಾಯನದ ಮೂಲಸೂತ್ರಗಳಲ್ಲಿ ಇದೂ ಒಂದು.

ಕೊಂಡಿಯ ಜೋಡಣೆ ಒಂದು ಬಗೆಯಾದರೆ ಪಿಷ್ಟ, ಇನ್ನೊಂದು ಬಗೆಯಾದರೆ ಸೆಲ್ಯುಲೋಸು. ರಾಗಿಯ ಕಾಳಿನಲ್ಲಿ ನೂರಕ್ಕೆ ಸುಮಾರು 70 ಭಾಗ ಶರ್ಕರಪಿಷ್ಟವಿದ್ದು, ಅದರಲ್ಲಿ ಹೆಚ್ಚಿನದು ಪಿಷ್ಟ. ಅದೇ ಗಿಡದ ಹುಲ್ಲಿನಲ್ಲಿ ಸೆಲ್ಯುಲೋಸೇ ಪ್ರಧಾನ. ಎರಡೂ ಗ್ಲೂಕೋಸಿನಿಂದಲೇ ಆದವು. ಆದರೂ ಕಾಳು ನಮಗೆ, ಹುಲ್ಲು ದನಕ್ಕೆ. ಸೆಲ್ಯುಲೋಸಿನ ಕೊಂಡಿಯನ್ನು ಬಿಡಿಸುವ ಕಿಣ್ವ ನಮ್ಮಲ್ಲಿಲ್ಲ. ಹಸುವಿನ ಮೊದಲ ಹೊಟ್ಟೆಯಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳಲ್ಲಿದೆ. ಅವು ಹುಲ್ಲಿನಿಂದ ಉಂಟುಮಾಡುವ ಅಸೆಟಿಕ್ ಆಮ್ಲವೇ ಮುಂದೆ ಹಾಲಿನ ಕೊಬ್ಬಾಗಲು ಸಾಮಗ್ರಿ.

ನಮ್ಮ ತಾಯಂದಿರ ಅಡುಗೆಯಲ್ಲಿಯೂ ಈ ರಸಾಯನವಿದೆ. ಕುದಿಯುವ ನೀರಿನಲ್ಲಿ ಪಿಷ್ಟದ ಕಣಗಳು ನೀರುಂಡು ಉಬ್ಬಿ ಅಂಟಾಗುವುದರಿಂದ ಮುದ್ದೆ ಗಟ್ಟಿಯಾಗುತ್ತದೆ. ರಾಗಿಯನ್ನು ಮೊಳಕೆ ಕಟ್ಟಿದಾಗ ಹುಟ್ಟುವ ಅಮೈಲೇಸ್ ಕಿಣ್ವವು ಪಿಷ್ಟವನ್ನು ತುಂಡರಿಸುತ್ತದೆ. ಹೀಗಾಗಿ ಮೊಳಕೆರಾಗಿಯ ಗಂಜಿ, ಹಿಟ್ಟು ಹೆಚ್ಚಿದ್ದರೂ ತೆಳುವಾಗಿಯೇ ಇರುತ್ತದೆ. ಸಣ್ಣ ಹೊಟ್ಟೆಯ ಶಿಶುವಿಗೆ ಒಂದೇ ಬಟ್ಟಲಿನಲ್ಲಿ ಹೆಚ್ಚು ಪೋಷಣೆ ಸಿಗುತ್ತದೆ.

ಮೂರನೆಯದು ಜಿಡ್ಡು. ಒಂದು ಗ್ಲಿಸರಾಲ್ ಅಣುವಿನೊಡನೆ ಮೂರು ಕೊಬ್ಬಿನಾಮ್ಲಗಳು ಕೂಡಿದರೆ ಒಂದು ಕೊಬ್ಬಿನ ಅಣು. ಇಲ್ಲಿಯೂ ನೀರಿನ ಮೂರು ಅಣುಗಳು ಹೊರಬೀಳುತ್ತವೆ. ಆಮ್ಲದ ಸರಪಣಿಯಲ್ಲಿ ದ್ವಿಬಂಧವಿದ್ದರೆ ಅದು ಬಾಗುತ್ತದೆ, ಅಣುಗಳು ಒತ್ತಾಗಿ ಕೂಡಲಾರವು. ಆದುದರಿಂದ ಕಡಲೆಕಾಯಿ ಎಣ್ಣೆ, ಹೊಂಗೆಎಣ್ಣೆಗಳು ದ್ರವವಾಗಿವೆ. ದ್ವಿಬಂಧವಿಲ್ಲದ ಆಮ್ಲಗಳು ಹೆಚ್ಚಾಗಿರುವ ತುಪ್ಪವು ಚಳಿಯಲ್ಲಿ ಹೆಪ್ಪುಗಟ್ಟುತ್ತದೆ. ಒಂದು ಗ್ರಾಂ ಪಿಷ್ಟದಿಂದ ಸುಮಾರು 4 ಕಿಲೋಕ್ಯಾಲೊರಿ ಶಕ್ತಿ ದೊರೆತರೆ ಒಂದು ಗ್ರಾಂ ಕೊಬ್ಬಿನಿಂದ 9. ಅಲ್ಲದೆ 100 ಗ್ರಾಂ ಕೊಬ್ಬು ದೇಹದಲ್ಲಿ ಪೂರ್ಣವಾಗಿ ಉರಿದಾಗ ಸುಮಾರು 107 ಗ್ರಾಂ ನೀರು ಹುಟ್ಟುತ್ತದೆ. ಗೂಡಿನೊಳಗೆ ಅನ್ನನೀರಿಲ್ಲದೆ ಇರುವ ರೇಷ್ಮೆಯ ಕೋಶವು ತಾನು ಕೂಡಿಟ್ಟ ಕೊಬ್ಬೇ ಮೊದಲಾದ ದಾಸ್ತಾನಿನ ಬಲದಿಂದಲೇ ಚಿಟ್ಟೆಯಾಗುತ್ತದೆ.

ಜಿಡ್ಡಿಗೆ ಒಂದು ದೋಷವೂ ಉಂಟು: ಗಾಳಿ, ತೇವಗಳಿಂದ ಅದು ಕಮಟಾಗುತ್ತದೆ. ನೂರಕ್ಕೆ ಸುಮಾರು 5 ಭಾಗ ಜಿಡ್ಡುಳ್ಳ ಸಜ್ಜೆಯ ಹಿಟ್ಟು ಕೆಲವೇ ದಿನಗಳಲ್ಲಿ ಕಹಿಯಾಗುತ್ತದೆ. ರಾಗಿಯಲ್ಲಿ ಜಿಡ್ಡು ಒಂದೆರಡು ಭಾಗ ಮಾತ್ರ. ಚೆನ್ನಾಗಿ ಒಣಗಿದ ರಾಗಿಯನ್ನು ಹಿರಿಯರು ಹಗೇವಿನಲ್ಲಿ ತುಂಬಿ ವರ್ಷಗಟ್ಟಲೆ ಕಾಪಾಡಿ ಬರಗಾಲವನ್ನು ದಾಟಿದುದರ ಹಿಂದೆ ಈ ಕಾರಣವೂ ಇದೆ.

ಅಧ್ಯಾಪಕ ಬಂಧುಗಳು ಇದನ್ನು ಅಲ್ಪವೆಚ್ಚದಲ್ಲಿ ತೋರಿಸಬಹುದು. ತಣಿದ ರಾಗಿ ಗಂಜಿಗೆ ಅಯೋಡಿನ್ ತೊಟ್ಟಿಕ್ಕಿದರೆ ಕಡುನೀಲಿ ಬಣ್ಣ ಬಂದು ಪಿಷ್ಟ ಪ್ರಕಟವಾಗುತ್ತದೆ. ಕಡಲೆಬೀಜವನ್ನು ಕಾಗದಕ್ಕೆ ಉಜ್ಜಿದರೆ ಬೆಳಕು ಹಾಯುವ ಕಲೆ ಮೂಡಿ ಜಿಡ್ಡು ಪ್ರಕಟವಾಗುತ್ತದೆ. ಮೂರನೆಯದಾಗಿ, ಶಾಲೆಯ ಕುಡಿಯುವ ನೀರಿನ ಫ್ಲೋರೈಡನ್ನು ಪರೀಕ್ಷೆ ಮಾಡಿಸಿ ಫಲಿತಾಂಶವನ್ನು ಮಕ್ಕಳ ಮುಂದಿಡಬೇಕು. ಹಿರಿಯ ವಿದ್ಯಾರ್ಥಿಗಳೂ ದಾನಿಗಳೂ ಶಾಲೆಗೆ ನೆರವಾಗಬಯಸಿದಲ್ಲಿ, ಶುದ್ಧವಾದ ಕುಡಿಯುವ ನೀರಿಗಿಂತ ಮೊದಲಾಗಿ ಸಲ್ಲಬೇಕಾದ ಕಾಣಿಕೆ ಬೇರೊಂದಿಲ್ಲ. ಪುಸ್ತಕದ ಸೂತ್ರವನ್ನು ಮಗು ತನ್ನ ಲೋಟದಲ್ಲಿಯೂ ತಟ್ಟೆಯಲ್ಲಿಯೂ ಗುರುತಿಸಿದ ದಿನ ವಿಜ್ಞಾನದ ಬೋಧನೆ ಸಾರ್ಥಕವಾಗುತ್ತದೆ.