ಆಸ್ಪತ್ರೆಗೂ ಒಂದು ಲೆಕ್ಕದ ಪುಸ್ತಕ



ಸಂಘದ ಸಭೆ ಶುರುವಾಯಿತೆಂದರೆ ನಾವು ಮೊದಲು ತೆರೆಯುವುದು ಪುಸ್ತಕವನ್ನು. ಯಾರು ಬಂದಿದ್ದಾರೆ, ಯಾರ ಉಳಿತಾಯ ಎಷ್ಟು, ಯಾರ ಕಂತು ಬಾಕಿ ಇದೆ, ಎಲ್ಲವೂ ಅದರಲ್ಲಿ ಇರುತ್ತದೆ. ಸಾಲ ಕೊಡುವ ಮೊದಲು ಬ್ಯಾಂಕಿನವರು ನಮ್ಮ ಮುಖ ನೋಡುವುದಿಲ್ಲ, ಪುಸ್ತಕ ನೋಡುತ್ತಾರೆ. ನಿಯಮಿತ ಸಭೆ, ನಿಯಮಿತ ಉಳಿತಾಯ, ಆಂತರಿಕ ಸಾಲ, ಸಕಾಲದ ಮರುಪಾವತಿ, ಸರಿಯಾದ ಪುಸ್ತಕ ಬರವಣಿಗೆ ಎಂಬ ಪಂಚಸೂತ್ರ ನಮಗೆಲ್ಲ ಬಾಯಿಪಾಠ. ಅದರ ಮೇಲೆಯೇ ನಮಗೆ ಗ್ರೇಡ್ ಬೀಳುತ್ತದೆ.

ಹಾಗಾದರೆ ನಮ್ಮ ಸೊಸೆಯನ್ನು ಹೆರಿಗೆಗೆ ಸೇರಿಸುವ ಆಸ್ಪತ್ರೆಗೆ ಗ್ರೇಡ್ ಕೊಡುವವರು ಯಾರು? ಅದರ ಪುಸ್ತಕ ಎಲ್ಲಿದೆ? ಅದನ್ನು ನಾವು ನೋಡಬಹುದೇ? ಈ ತಿಂಗಳ ಪಾಠದಲ್ಲಿ ಇದನ್ನೇ ತಿಳಿದುಕೊಳ್ಳೋಣ.

ಪಾಠದ ಉದ್ದೇಶ

ಅ) ಆಸ್ಪತ್ರೆಯ ಕೆಲಸವನ್ನು ಹೇಗೆ ಅಳೆಯುತ್ತಾರೆ ಎಂದು ತಿಳಿಯುವುದು.
ಆ) ಕಂಪ್ಯೂಟರಿನಲ್ಲಿ ಬರುವ ಅಂಕೆಯನ್ನು ಓದುವುದು, ಅದರ ಬಗ್ಗೆ ಪ್ರಶ್ನೆ ಕೇಳುವುದು.
ಇ) ಆ ಅಂಕೆ ಸತ್ಯವಾಗಿರಲು ನಾವು ಏನು ಮಾಡಬಹುದು ಎಂದು ನಿರ್ಧರಿಸುವುದು.

1. ಪುಸ್ತಕ ಕಂಪ್ಯೂಟರಿಗೆ ಹೋಯಿತು

ಹಿಂದೆ ಎಲ್ಲವನ್ನೂ ದೊಡ್ಡ ದೊಡ್ಡ ರಿಜಿಸ್ಟರ್‌ಗಳಲ್ಲಿ ಬರೆಯುತ್ತಿದ್ದರು. ತಿಂಗಳ ಕೊನೆಗೆ ನರ್ಸ್ ಕುಳಿತು ಕೂಡಿಸಿ ತಾಲ್ಲೂಕಿಗೆ ಕಳುಹಿಸುತ್ತಿದ್ದರು. 2008ರಲ್ಲಿ ಕೇಂದ್ರ ಸರಕಾರ ಎಚ್‌ಎಂಐಎಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯನ್ನು ತಂದಿತು. ಉಪಕೇಂದ್ರದಿಂದ ಹಿಡಿದು ಜಿಲ್ಲಾ ಆಸ್ಪತ್ರೆಯವರೆಗೆ ಎಷ್ಟು ಹೆರಿಗೆ, ಎಷ್ಟು ಸಿಸೇರಿಯನ್, ಎಷ್ಟು ಚುಚ್ಚುಮದ್ದು, ಎಷ್ಟು ಮರಣ ಎಂಬ ಲೆಕ್ಕ ತಿಂಗಳಿಗೊಮ್ಮೆ ಅದರಲ್ಲಿ ಸೇರುತ್ತದೆ. ಹಲವು ಸರಕಾರಿ ಆಸ್ಪತ್ರೆಗಳಲ್ಲಿ ಓಪಿಡಿ ಚೀಟಿ, ರಕ್ತಪರೀಕ್ಷೆಯ ವರದಿಯೂ ಕಂಪ್ಯೂಟರಿನಲ್ಲೇ ಬರುತ್ತವೆ.

ಆದರೆ ಒಂದು ಮಾತು ನೆನಪಿಡೋಣ. ಕಂಪ್ಯೂಟರ್ ತಾನಾಗಿ ಏನನ್ನೂ ಎಣಿಸುವುದಿಲ್ಲ. ರಾತ್ರಿ ಎರಡು ಗಂಟೆಗೆ ಹೆರಿಗೆ ಮಾಡಿಸಿದ ನರ್ಸಮ್ಮ ಬರೆದದ್ದನ್ನೇ ಅದು ಕೂಡಿಸಿ ಕೊಡುತ್ತದೆ. ನಮ್ಮ ಸಂಘದ ಪುಸ್ತಕದಲ್ಲಿ ಪ್ರತಿನಿಧಿ ಬರೆಯದೆ ಬಿಟ್ಟ ಹಣ ಹೇಗೆ ಲೆಕ್ಕಕ್ಕೆ ಬರುವುದಿಲ್ಲವೋ ಇದೂ ಹಾಗೆಯೇ.

2. ಆಸ್ಪತ್ರೆಯನ್ನು ಅಳೆಯುವ ಕೆಲವು ಲೆಕ್ಕಗಳು

ಹಾಸಿಗೆ ಲೆಕ್ಕ: ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ 100 ಹಾಸಿಗೆ ಇದೆ ಅಂತ ಇಟ್ಟುಕೊಳ್ಳೋಣ. 30 ದಿನಕ್ಕೆ 3,000 ಹಾಸಿಗೆ-ದಿನ ಆಯಿತು. ರೋಗಿಗಳು ಬಳಸಿದ್ದು 2,400 ಆದರೆ ಶೇಕಡ 80ರಷ್ಟು ಭರ್ತಿ. ತೀರಾ ಕಡಿಮೆ ಇದ್ದರೆ ಜನ ಆ ಆಸ್ಪತ್ರೆಗೆ ಯಾಕೆ ಬರುತ್ತಿಲ್ಲ ಎಂದು ಕೇಳಬೇಕು. 100ಕ್ಕಿಂತ ಹೆಚ್ಚಾದರೆ ಒಂದು ಹಾಸಿಗೆಯಲ್ಲಿ ಇಬ್ಬರು ಮಲಗಿದ್ದಾರೆ, ಇಲ್ಲವೇ ನೆಲದ ಮೇಲೆ ಚಾಪೆ ಹಾಸಿದ್ದಾರೆ ಎಂದರ್ಥ.

ಎಷ್ಟು ದಿನ ಇರಿಸಿಕೊಂಡರು: ಬೇಗ ಮನೆಗೆ ಕಳುಹಿಸಿದರೆ ಹೆಚ್ಚು ರೋಗಿಗಳಿಗೆ ಜಾಗ ಸಿಗುತ್ತದೆ, ಲೆಕ್ಕವೂ ಚೆನ್ನಾಗಿ ಕಾಣುತ್ತದೆ. ಆದರೆ ಸಹಜ ಹೆರಿಗೆಯಾದ ತಾಯಿಯೂ ಕನಿಷ್ಠ 48 ಗಂಟೆ ಆಸ್ಪತ್ರೆಯಲ್ಲಿ ಇರಬೇಕು. ರಕ್ತಸ್ರಾವದ ಅಪಾಯ ಹೆಚ್ಚು ಇರುವುದು ಆ ಮೊದಲ ಗಂಟೆಗಳಲ್ಲೇ. 2011ರಲ್ಲಿ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸಹಜ ಹೆರಿಗೆಗೆ 3 ದಿನ, ಸಿಸೇರಿಯನ್‌ಗೆ 7 ದಿನದವರೆಗೆ ತಾಯಿಗೆ ಉಚಿತ ಊಟ ಇದೆ. ಮಾರನೇ ದಿನವೇ ಬಸ್ ಹತ್ತಿಸಿದರೆ ಅದು ಆಸ್ಪತ್ರೆಗೆ ಉಳಿತಾಯ, ತಾಯಿಗೆ ಗಂಡಾಂತರ.

ಸಿಸೇರಿಯನ್ ಲೆಕ್ಕ: ನೂರು ಹೆರಿಗೆಯಲ್ಲಿ ಎಷ್ಟು ಆಪರೇಷನ್? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 2015-16ರಲ್ಲಿ ಶೇಕಡ 23.6 ಇದ್ದದ್ದು 2019-20ರ ಹೊತ್ತಿಗೆ 31.5ಕ್ಕೆ ಏರಿತು. ಈ ಅಂಕೆ ನೋಡಿದ ಕೂಡಲೇ ಒಂದು ಆಸ್ಪತ್ರೆಯನ್ನು ಕೆಟ್ಟದ್ದು ಅನ್ನಬಾರದು. ಕಷ್ಟದ ಹೆರಿಗೆಗಳೆಲ್ಲ ಜಿಲ್ಲಾ ಆಸ್ಪತ್ರೆಗೇ ಹೋಗುತ್ತವೆ, ಅಲ್ಲಿ ಸಂಖ್ಯೆ ಹೆಚ್ಚಾಗುವುದು ಸಹಜ. ಆದರೆ ತೊಂದರೆ ಇಲ್ಲದ ಹೆರಿಗೆಗಳೇ ಬರುವ ಆಸ್ಪತ್ರೆಯಲ್ಲಿ ಅರ್ಧಕ್ಕರ್ಧ ಆಪರೇಷನ್ ಆದರೆ ಯಾಕೆ ಎಂದು ಕೇಳುವ ಹಕ್ಕು ನಮಗಿದೆ.

ಇವುಗಳ ಜೊತೆಗೆ ಹೊಲಿಗೆಯಲ್ಲಿ ಕೀವಾದವರು ಎಷ್ಟು, ಚೀಟಿ ಮಾಡಿಸಿದ ಮೇಲೆ ಡಾಕ್ಟರನ್ನು ಕಾಣಲು ಎಷ್ಟು ಹೊತ್ತು ಕಾದರು, ಹೇಳದೆ ಕೇಳದೆ ಎದ್ದು ಹೋದ ರೋಗಿಗಳು ಎಷ್ಟು ಎಂಬ ಲೆಕ್ಕಗಳೂ ಇವೆ. ಕೊನೆಯದನ್ನು ಗಮನಿಸಿ. ರೋಗಿ ಅರ್ಧದಲ್ಲೇ ಎದ್ದು ಹೋದಳೆಂದರೆ ಅದರ ಹಿಂದೆ ಹಣವೋ, ಅವಮಾನವೋ, ಮನೆಯಲ್ಲಿ ಬಿಟ್ಟು ಬಂದ ಮಕ್ಕಳೋ ಇರುತ್ತವೆ. ಕಂಪ್ಯೂಟರಿನಲ್ಲಿ ಅದು ಒಂದು ಸಂಖ್ಯೆ ಮಾತ್ರ.

3. ಅಂಕ ಕೊಡುವವರು

ಸರಕಾರಿ ಆಸ್ಪತ್ರೆಗಳಿಗೂ ಪರೀಕ್ಷೆ ಇದೆ. 2015ರಲ್ಲಿ ಬಂದ ಕಾಯಕಲ್ಪ ಯೋಜನೆ ಶುಚಿತ್ವವನ್ನು ಅಳೆಯುತ್ತದೆ, ಗೆದ್ದ ಆಸ್ಪತ್ರೆಗೆ ಬಹುಮಾನವೂ ಇದೆ. 2017ರ 'ಲಕ್ಷ್ಯ' ಕಾರ್ಯಕ್ರಮ ಹೆರಿಗೆ ಕೋಣೆ ಮತ್ತು ಹೆರಿಗೆಯ ಆಪರೇಷನ್ ಕೋಣೆಗೆ ಸೇರಿದ್ದು. ಇಡೀ ಆಸ್ಪತ್ರೆಗೆ ಎನ್‌ಕ್ವಾಸ್ ಎಂಬ ರಾಷ್ಟ್ರೀಯ ಗುಣಮಟ್ಟದ ಪರೀಕ್ಷೆ. ಒಂದೊಂದು ವಿಷಯಕ್ಕೂ ಪೂರ್ತಿ ಸರಿ ಇದ್ದರೆ 2, ಅರ್ಧ ಸರಿ ಇದ್ದರೆ 1, ಇಲ್ಲದಿದ್ದರೆ 0. ಒಟ್ಟು ಕನಿಷ್ಠ ಶೇಕಡ 70 ಅಂಕ ಬಂದರೆ ಪ್ರಮಾಣಪತ್ರ. ಪರೀಕ್ಷಕರು ಕಣ್ಣಾರೆ ನೋಡುತ್ತಾರೆ, ದಾಖಲೆ ತೆಗೆಸುತ್ತಾರೆ, ಸಿಬ್ಬಂದಿಯನ್ನು ಕೇಳುತ್ತಾರೆ, ರೋಗಿಗಳ ಹತ್ತಿರವೂ ಮಾತಾಡುತ್ತಾರೆ. ಆ ದಿನ ಹಾಸಿಗೆಯಲ್ಲಿ ಇರುವವರು ನಾವಾದರೆ 'ಎಲ್ಲಾ ಚೆನ್ನಾಗಿದೆ ಸಾರ್' ಅಂತ ಹೆದರಿ ಹೇಳಬಾರದು.

2016ರಲ್ಲಿ 'ಮೇರಾ ಆಸ್ಪತಾಲ್' ಎಂಬ ವ್ಯವಸ್ಥೆ ಬಂತು. ಅದಕ್ಕೆ ಸೇರಿರುವ ಆಸ್ಪತ್ರೆಯಲ್ಲಿ ಚೀಟಿ ಮಾಡಿಸುವಾಗ ಕೊಟ್ಟ ಮೊಬೈಲಿಗೆ ಆಮೇಲೆ ಮೆಸೇಜ್ ಅಥವಾ ಕರೆ ಬರುತ್ತದೆ. ಸೇವೆ ತೃಪ್ತಿಯಾಯಿತೇ, ಆಗದಿದ್ದರೆ ಯಾವುದರಿಂದ ಎಂದು ಕೇಳುತ್ತಾರೆ: ಸಿಬ್ಬಂದಿಯ ನಡವಳಿಕೆಯೋ, ಕೊಳಕೋ, ಖರ್ಚೋ?

ಇಲ್ಲೊಂದು ಸೂಕ್ಷ್ಮ ಇದೆ. ಬಹಳ ಮನೆಗಳಲ್ಲಿ ನಾವು ಕೊಡುವುದು ಗಂಡನ ನಂಬರು. ಹೆರಿಗೆ ಕೋಣೆಯಲ್ಲಿ ಬೈಸಿಕೊಂಡವಳು ಹೆಂಡತಿ, ಫೋನಿನಲ್ಲಿ ಉತ್ತರ ಕೊಡುವವನು ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ಗಂಡ! ಅವನು 'ತೃಪ್ತಿ' ಅಂದರೆ ಆಸ್ಪತ್ರೆಗೆ ಸಿಗುವುದು ಒಳ್ಳೆಯ ಅಂಕ. ನಮ್ಮ ಅನುಭವ ಲೆಕ್ಕಕ್ಕೇ ಬರಲಿಲ್ಲ.

4. ಎಣಿಸಿದರೆ ಜೀವ ಉಳಿಯುತ್ತದೆ

2024ರ ನವೆಂಬರ್‌ನಲ್ಲಿ ಬಳ್ಳಾರಿಯ ಸರಕಾರಿ ಆಸ್ಪತ್ರೆಯಲ್ಲಿ ನಡೆದದ್ದು ನಮಗೆಲ್ಲ ನೆನಪಿದೆ. ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಗಂಭೀರ ಸ್ಥಿತಿಗೆ ಹೋದರು. ಐವರು ತೀರಿಕೊಂಡರು. ಕೂಸುಗಳು ಅಜ್ಜಿಯರ ಮಡಿಲಿಗೆ ಬಂದವು. ಡ್ರಿಪ್ ಮೂಲಕ ಕೊಡುವ ರಿಂಗರ್ ಲ್ಯಾಕ್ಟೇಟ್ ಎಂಬ ದ್ರಾವಣದ ಮೇಲೆ ಸಂಶಯ ಬಂದು, ಆ ಕಂಪನಿಯ ದ್ರಾವಣ ಬಳಸುವುದನ್ನು ರಾಜ್ಯ ಸರಕಾರ ನಿಲ್ಲಿಸಿತು. ಆಮೇಲೆ ರಾಜ್ಯದಲ್ಲಿ 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ಆದ 464 ತಾಯಂದಿರ ಮರಣಗಳನ್ನು ಒಂದೊಂದಾಗಿ ಪರಿಶೀಲಿಸಲಾಯಿತು. ಅವುಗಳಲ್ಲಿ ಶೇಕಡ 70ಕ್ಕಿಂತ ಹೆಚ್ಚು ಮರಣಗಳನ್ನು ತಪ್ಪಿಸಬಹುದಿತ್ತು ಎಂದು ವರದಿ ಹೇಳಿತು.

ಒಂದು ಸಾವು ಆದಾಗ ಮನೆಯವರು 'ಅವಳ ಹಣೆಬರಹ' ಅನ್ನುತ್ತಾರೆ. ಐದು ಸಾವನ್ನು ಒಟ್ಟಿಗೆ ಇಟ್ಟು ನೋಡಿದಾಗ ಹಣೆಬರಹದ ಮಾತು ನಿಲ್ಲುತ್ತದೆ, ಪ್ರಶ್ನೆ ಶುರುವಾಗುತ್ತದೆ. ಯಾವ ದಿನ, ಯಾವ ಕೋಣೆ, ಯಾವ ಬ್ಯಾಚಿನ ಬಾಟಲಿ? ಇದಕ್ಕೆ ಉತ್ತರ ಬೇಕಾದರೆ ಪ್ರತಿ ಬಾಟಲಿಯ ಬ್ಯಾಚ್ ನಂಬರು ಆ ತಾಯಿಯ ಹೆಸರಿನ ಮುಂದೆ ದಾಖಲಾಗಿರಬೇಕು. ಆಗ ಕಂಪ್ಯೂಟರ್ ನಿಮಿಷದಲ್ಲಿ ಹುಡುಕಿ ಕೊಡುತ್ತದೆ. ಡಿಜಿಟಲ್ ವ್ಯವಸ್ಥೆಯ ನಿಜವಾದ ಉಪಯೋಗ ಇರುವುದು ಇಂಥಲ್ಲಿ. ಗೋಡೆಗೆ ಹಾಕಿದ ದೊಡ್ಡ ಟಿವಿಯಲ್ಲಿ ಟೋಕನ್ ನಂಬರು ತೋರಿಸುವುದಷ್ಟೇ ಅಲ್ಲ.

5. ಅಂಕೆ ಮೋಸ ಮಾಡುವುದೂ ಉಂಟು

ಮರುಪಾವತಿ ನೂರಕ್ಕೆ ನೂರು ತೋರಿಸಬೇಕು ಅಂತ ಬಡ ಸದಸ್ಯೆಯನ್ನು ಬಡ್ಡಿಯವನ ಹತ್ತಿರ ಸಾಲ ಮಾಡಿಸಿ ಕಂತು ಕಟ್ಟಿಸಿದರೆ ಸಂಘದ ಪುಸ್ತಕ ಚೆಂದ, ಆಕೆಯ ಬದುಕು ಹಾಳು. ಆಸ್ಪತ್ರೆಯಲ್ಲೂ ಹೀಗೆ ಆಗುತ್ತದೆ. ಕಷ್ಟದ ಕೇಸುಗಳನ್ನೆಲ್ಲ ಬೇರೆ ಕಡೆಗೆ ರೆಫರ್ ಮಾಡಿದರೆ ಮರಣದ ಅಂಕಣದಲ್ಲಿ ಸೊನ್ನೆ. ತಾಯಿ ದಾರಿಯಲ್ಲಿ ಆಂಬುಲೆನ್ಸಿನಲ್ಲಿ ಸತ್ತರೆ ಅದು ಯಾರ ಲೆಕ್ಕ?

ಇದಕ್ಕೆ ದೊಡ್ಡ ಉದಾಹರಣೆ ಇಂಗ್ಲೆಂಡಿನ ಸ್ಟಾಫರ್ಡ್ ಊರಿನ ಆಸ್ಪತ್ರೆ. ಅಲ್ಲಿ ತುರ್ತು ವಿಭಾಗಕ್ಕೆ ಬಂದವರನ್ನು ನಾಲ್ಕು ಗಂಟೆಯೊಳಗೆ ನೋಡಿ ಮುಗಿಸಬೇಕೆಂಬ ಗುರಿ ಇತ್ತು, ಖರ್ಚು ಕಡಿಮೆ ಮಾಡುವ ಒತ್ತಡವೂ ಇತ್ತು. 2005ರಿಂದ 2009ರವರೆಗೆ ಆಡಳಿತ ಇವುಗಳ ಹಿಂದೆ ಓಡಿತು. ನರ್ಸ್‌ಗಳ ಸಂಖ್ಯೆ ಸಾಲದಾಯಿತು. ವಯಸ್ಸಾದ ರೋಗಿಗಳು ಕುಡಿಯಲು ನೀರಿಲ್ಲದೆ, ಒದ್ದೆ ಬಟ್ಟೆಯಲ್ಲೇ ಮಲಗಿದ್ದರು. ಅಲ್ಲಿ ಸಾವು ಹೆಚ್ಚಾಗಿದೆ ಎಂದು 2007ರಲ್ಲಿ ಅಂಕೆಗಳೇ ಎಚ್ಚರಿಸಿದವು. ಆದರೆ ಕಂಪ್ಯೂಟರಿಗೆ ಮಾಹಿತಿ ತುಂಬಿದ್ದರಲ್ಲಿ ತಪ್ಪಿರಬೇಕು ಎಂದು ಆಡಳಿತದವರು ತಳ್ಳಿಹಾಕಿದರು.

ಸತ್ಯ ಹೊರಬಂದದ್ದು ಹೇಗೆ? ಜೂಲಿ ಬೈಲಿ ಎಂಬ ಮಹಿಳೆ 2007ರಲ್ಲಿ ಆ ಆಸ್ಪತ್ರೆಯಲ್ಲಿ ತಾಯಿಯನ್ನು ಕಳೆದುಕೊಂಡರು. ಅವರು ತಮ್ಮಂತೆ ನೊಂದ ಕುಟುಂಬಗಳನ್ನು ಸೇರಿಸಿ ಒಂದು ಗುಂಪು ಕಟ್ಟಿದರು. ಪಟ್ಟು ಬಿಡದೆ ತನಿಖೆ ಕೇಳಿದರು. ರಾಬರ್ಟ್ ಫ್ರಾನ್ಸಿಸ್ ಎಂಬ ವಕೀಲರ ನೇತೃತ್ವದ ಸಾರ್ವಜನಿಕ ತನಿಖೆಯ ವರದಿ 2013ರಲ್ಲಿ ಬಂತು. ಗುರಿ ಮತ್ತು ಹಣದ ಲೆಕ್ಕವನ್ನು ರೋಗಿಗಿಂತ ಮೇಲೆ ಇಟ್ಟದ್ದೇ ಅನಾಹುತಕ್ಕೆ ದೊಡ್ಡ ಕಾರಣ ಎಂದು ಅದು ತೋರಿಸಿತು. ಅಂಕೆಯ ಪಕ್ಕದಲ್ಲಿ ಮನುಷ್ಯರ ಮಾತನ್ನು ಇಟ್ಟಾಗಲೇ ಸತ್ಯ ಕಂಡಿತು, ಅಲ್ವಾ?

6. ನಮ್ಮ ಕೈಯಲ್ಲಿ ಇರುವುದು

* ಚೀಟಿ ಮಾಡಿಸುವಾಗ ನಮ್ಮದೇ ಮೊಬೈಲ್ ನಂಬರು ಕೊಡೋಣ. ಸ್ವಂತ ಫೋನ್ ಇಲ್ಲದಿದ್ದರೆ ನಮ್ಮನ್ನು ಕೇಳಿ ಉತ್ತರ ಕೊಡುವವರ ನಂಬರು ಕೊಡೋಣ. ಅಭಿಪ್ರಾಯ ಕೇಳುವವರಿಗೆ ಒಟಿಪಿ ಬೇಕಾಗಿಲ್ಲ. ಒಟಿಪಿ, ಬ್ಯಾಂಕ್ ವಿವರ ಕೇಳಿದರೆ ಅದು ಮೋಸದ ಕರೆ.

* ತಾಯಿ ಕಾರ್ಡ್ ಜೋಪಾನ ಮಾಡೋಣ. ರಕ್ತದೊತ್ತಡ, ಹಿಮೋಗ್ಲೋಬಿನ್, ತೂಕ ಪ್ರತಿ ಸಲ ಬರೆದಿದ್ದಾರೆಯೇ ನೋಡೋಣ. ಖಾಲಿ ಬಿಟ್ಟಿದ್ದರೆ 'ಸಿಸ್ಟರ್, ಇಲ್ಲಿ ಬರೆಯಿರಿ' ಅಂತ ವಿನಯದಿಂದ, ಆದರೆ ಗಟ್ಟಿಯಾಗಿ ಹೇಳೋಣ.

* ಆಭಾ ಎಂಬುದು 2021ರಲ್ಲಿ ದೇಶದೆಲ್ಲೆಡೆ ಬಂದ ಡಿಜಿಟಲ್ ಆರೋಗ್ಯ ಮಿಷನ್ನಿನ 14 ಅಂಕಿಗಳ ನಂಬರು. ಅದು ನಮ್ಮ ವರದಿಗಳನ್ನು ಒಂದೆಡೆ ಸೇರಿಸುವುದಕ್ಕೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್ ಬೇರೆ, ಇದು ಬೇರೆ. ಆಭಾ ಕಡ್ಡಾಯ ಅಲ್ಲ. ನಮ್ಮ ವರದಿಯನ್ನು ಬೇರೆಯವರು ನೋಡಬೇಕಾದರೆ ನಮ್ಮ ಒಪ್ಪಿಗೆ ಬೇಕು.

* ಡಿಸ್ಚಾರ್ಜ್ ಆಗುವಾಗ ಬರಹದ ಸಾರಾಂಶ ಕೇಳಿ ಪಡೆಯೋಣ. ಒಳರೋಗಿಯಾಗಿದ್ದವರು ದಾಖಲೆಗಳ ಪ್ರತಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು 2002ರ ವೈದ್ಯರ ನಡವಳಿಕೆ ನಿಯಮ ಹೇಳುತ್ತದೆ.

* ಸರಕಾರಿ ಆಸ್ಪತ್ರೆಯ ತಿಂಗಳ ಅಂಕೆಗಳನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು. ಶುಲ್ಕ 10 ರೂಪಾಯಿ, ಬಿಪಿಎಲ್‌ನವರಿಗೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಬರಬೇಕು.

* ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲಿ ಯಾರಿದ್ದಾರೆ ಎಂದು ಕೇಳಿ ತಿಳಿಯೋಣ. ನಮ್ಮ ಒಕ್ಕೂಟದ ಮಾತು ಅಲ್ಲಿಗೆ ಮುಟ್ಟಲಿ.

ಇನ್ನೊಂದು ಮಾತು. ಲೆಕ್ಕ ಕೇಳುವುದೆಂದರೆ ನರ್ಸ್ ಮೇಲೆ ಎಗರುವುದಲ್ಲ. ಮೂರು ಜನ ಮಾಡುವ ಕೆಲಸವನ್ನು ಒಬ್ಬಳೇ ಮಾಡಿ, ಮೇಲೆ ಕಂಪ್ಯೂಟರಿಗೂ ತುಂಬಿಸುವ ಹೆಣ್ಣುಮಗಳು ಆಕೆ. ಖಾಲಿ ಹುದ್ದೆ ಎಷ್ಟಿದೆ ಎಂಬುದನ್ನೂ ನಾವು ಕೇಳಬೇಕಾದ ಲೆಕ್ಕದಲ್ಲಿ ಸೇರಿಸೋಣ. ಆಗ ಆಕೆಯೂ ನಮ್ಮ ಜೊತೆ ನಿಲ್ಲುತ್ತಾಳೆ.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಸಂಘದ ಸದಸ್ಯೆಯರು ಆಸ್ಪತ್ರೆಯಲ್ಲಿ ಯಾರ ಮೊಬೈಲ್ ನಂಬರು ಕೊಟ್ಟಿದ್ದಾರೆ? ಯಾಕೆ?
2. ಹೆರಿಗೆಯ ನಂತರ 48 ಗಂಟೆಯ ಮೊದಲೇ ಮನೆಗೆ ಬಂದವರು ಇದ್ದಾರೆಯೇ? ಕಳುಹಿಸಿದ್ದು ಆಸ್ಪತ್ರೆಯವರೋ, ಕರೆತಂದದ್ದು ಮನೆಯವರೋ?
3. ಅಂಕೆಯಲ್ಲಿ ಒಳ್ಳೆಯದಾಗಿ ಕಂಡು, ಅನುಭವದಲ್ಲಿ ಕೆಟ್ಟದ್ದಾದ ಒಂದು ಸೇವೆಯನ್ನು ಹೇಳಿರಿ.

ಸಂಘದ ಚಟುವಟಿಕೆ

ಕಳೆದ ಆರು ತಿಂಗಳಲ್ಲಿ ಆಸ್ಪತ್ರೆಗೆ ಹೋಗಿ ಬಂದ ಸದಸ್ಯೆಯರನ್ನು ಗುರುತಿಸಿ. ನೋಟ್‌ಬುಕ್ಕಿನಲ್ಲಿ ಐದು ಅಂಕಣ ಎಳೆಯಿರಿ: ಕಾದ ಹೊತ್ತು, ಕೈಯಿಂದ ಆದ ಖರ್ಚು, ಔಷಧಿ ಒಳಗೆ ಸಿಕ್ಕಿತೋ ಹೊರಗೆ ಬರೆದರೋ, ಶೌಚಾಲಯ ಹೇಗಿತ್ತು, ಮಾತು ಹೇಗಿತ್ತು. ಹೆಸರು ಬರೆಯಬೇಡಿ. ಹತ್ತು ಸಂಘದವರು ಹೀಗೆ ಬರೆದು ಒಕ್ಕೂಟದ ಸಭೆಯಲ್ಲಿ ಕೂಡಿಸಿದರೆ ನಮ್ಮದೇ ಒಂದು ಲೆಕ್ಕ ಆಗುತ್ತದೆ. ಅದನ್ನು ಹಿಡಿದು ಆಡಳಿತ ವೈದ್ಯಾಧಿಕಾರಿಗಳನ್ನು ಕಾಣೋಣ. ಅವರ ಕಂಪ್ಯೂಟರಿನ ಲೆಕ್ಕವನ್ನೂ ನಮ್ಮ ನೋಟ್‌ಬುಕ್ಕಿನ ಲೆಕ್ಕವನ್ನೂ ಎದುರುಬದುರು ಇಟ್ಟು ಮಾತಾಡೋಣ.