ಟ್ರೇಲರಿಗೆ ಎಲ್‌ಇಡಿ ದೀಪ: ಬಲ್ಬಿಗಿಂತ ಮುಂಚೆ ಅರ್ತು ನೋಡಿ

ಸುಗ್ಗಿಯಲ್ಲಿ ಶೇಂಗಾ, ಮೆಕ್ಕೆಜೋಳ, ರಾಗಿಹುಲ್ಲು ಹೇರಿಕೊಂಡು ಕತ್ತಲಾದ ಮೇಲೂ ಟಾರು ರಸ್ತೆ ಹಿಡಿಯುವುದು ನಮಗೆ ತಪ್ಪಿದ್ದಲ್ಲ. ಹಿಂದಿನಿಂದ ಬರುವ ಲಾರಿಯವನಿಗೆ ನಮ್ಮ ಇರವು ಗೊತ್ತಾಗುವುದು ಟ್ರೇಲರಿನ ಕೆಂಪು ದೀಪದಿಂದ, ತಿರುಗುತ್ತೇವೆ ಅಂತ ಗೊತ್ತಾಗುವುದು ಇಂಡಿಕೇಟರಿನಿಂದ. ಆದರೆ ಟ್ರೇಲರಿನಲ್ಲಿ ಬಲ್ಬು ಬಾಳುವುದಿಲ್ಲ. ಕಾಡುದಾರಿಯ ಕುಲುಕಾಟಕ್ಕೆ ಒಳಗಿನ ತಂತಿ ತುಂಡಾಗುತ್ತದೆ. ಎಲ್‌ಇಡಿಯಲ್ಲಿ ಆ ತಂತಿಯೇ ಇಲ್ಲ, ಅದಕ್ಕೇ ಎಲ್ಲರಿಗೂ ಅದರ ಮೇಲೆ ಮನಸ್ಸು. ಆದರೆ ಅಂಗಡಿಯಿಂದ ಬಲ್ಬು ತಂದು ತಿರುಗಿಸಿ ಕೂರಿಸಿದರೆ ಕೆಲಸ ಮುಗಿಯುವುದಿಲ್ಲ.

ಮೊದಲು ಲೆಕ್ಕ ನೋಡೋಣ. ಟ್ರ್ಯಾಕ್ಟರಿನದು 12 ವೋಲ್ಟ್ ಬ್ಯಾಟರಿ. ಸಾಮಾನ್ಯವಾಗಿ ಇಂಡಿಕೇಟರಿಗೆ 21 ವ್ಯಾಟಿನ ಬಲ್ಬು. ಹಿಂದಿನ ಕೆಂಪು ದೀಪಕ್ಕೆ ಎರಡು ತಂತಿಯ ಬಲ್ಬು, ಬರೀ ಪಾರ್ಕಿಂಗಿಗೆ 5 ವ್ಯಾಟು, ಬ್ರೇಕು ತುಳಿದಾಗ 21. ನಡುರಸ್ತೆಯಲ್ಲಿ ಆ್ಯಕ್ಸಲ್ ಮುರಿದು ರಾತ್ರಿ ನಿಂತುಬಿಟ್ಟಿರಿ ಅನ್ನಿ. ಟ್ರ್ಯಾಕ್ಟರಿನ ನಾಲ್ಕು, ಟ್ರೇಲರಿನ ಎರಡು, ಆರೂ ಇಂಡಿಕೇಟರು ಒಟ್ಟಿಗೆ ಮಿಣುಕಿದರೆ 126 ವ್ಯಾಟು. ಉರಿಯುವ ಹೊತ್ತಿಗೆ ಹತ್ತೂವರೆ ಆಂಪಿಯರ್ ಎಳೆಯುತ್ತದೆ. ಅರ್ಧ ಹೊತ್ತು ಆರಿರುವುದರಿಂದ ಸರಾಸರಿ ಐದು ಅಂತ ಹಿಡಿದರೂ, ಹಳೇ ಬ್ಯಾಟರಿಗೆ ಬೆಳಗಿನ ಜಾವ ಇಂಜಿನ್ ತಿರುಗಿಸುವ ಶಕ್ತಿ ಉಳಿದಿರುವುದಿಲ್ಲ. ಅದೇ ಜಾಗಕ್ಕೆ ಮೂರು ವ್ಯಾಟಿನ ಎಲ್‌ಇಡಿ ಹಾಕಿದರೆ ಆರಕ್ಕೂ ಸೇರಿ 18 ವ್ಯಾಟು, ಒಂದೂವರೆ ಆಂಪಿಯರ್. ರಾತ್ರಿಯಿಡೀ ಮಿಣುಕಲಿ, ಚಿಂತೆಯಿಲ್ಲ.

ಇನ್ನೊಂದು ಲಾಭ ಬ್ರೇಕಿನದು. ಹಳೇ ಬಲ್ಬಿನ ತಂತಿ ಕಾದು ಪೂರ್ತಿ ಬೆಳಗಲು ಸೆಕೆಂಡಿನ ಐದನೇ ಒಂದು ಭಾಗದಷ್ಟು ಹೊತ್ತು ಬೇಕು. ಎಲ್‌ಇಡಿ ತಕ್ಷಣ ಹೊತ್ತಿಕೊಳ್ಳುತ್ತದೆ. ಗಂಟೆಗೆ 60 ಕಿಲೋಮೀಟರಿನಲ್ಲಿ ಬರುವ ಕಾರು ಅಷ್ಟು ಹೊತ್ತಿಗೆ ಮೂರು ಮೀಟರಿಗೂ ಹೆಚ್ಚು ಓಡಿರುತ್ತದೆ. ಟ್ರೇಲರಿಗೆ ಗುದ್ದುವುದಕ್ಕೂ ಗುದ್ದದೆ ನಿಲ್ಲುವುದಕ್ಕೂ ಕೆಲವೊಮ್ಮೆ ಅಷ್ಟೇ ಅಂತರ.

ಈಗ ತೊಂದರೆಗಳು. ಎಲ್‌ಇಡಿ ಹಾಕಿದ ಕೂಡಲೇ ಇಂಡಿಕೇಟರು ಮಿಣುಕದೆ ಸುಮ್ಮನೆ ಉರಿಯುತ್ತದೆ, ಇಲ್ಲವೇ ಪಟಪಟ ಅಂತ ಬಡಿದುಕೊಳ್ಳುತ್ತದೆ. ಬಲ್ಬು ಕೆಟ್ಟದ್ದು ಅಂತ ಅಂಗಡಿಯವನ ಹತ್ತಿರ ಜಗಳಕ್ಕೆ ಹೋಗಬೇಡಿ, ಕಾರಣ ಫ್ಲಾಷರಿನಲ್ಲಿದೆ. ಹಳೇ ಫ್ಲಾಷರಿನ ಒಳಗಿರುವ ಪಟ್ಟಿ ಬಲ್ಬಿಗೆ ಹೋಗುವ ಕರೆಂಟಿನಿಂದಲೇ ಕಾದು ಬಾಗಿ ಕಡಿಯಬೇಕು, ಆರಿ ಮತ್ತೆ ಕೂಡಬೇಕು. ಎಲ್‌ಇಡಿ ಎಳೆಯುವ ಅಲ್ಪ ಕರೆಂಟಿಗೆ ಅದು ಕಾಯುವುದೇ ಇಲ್ಲ. ಇನ್ನು ಎಲೆಕ್ಟ್ರಾನಿಕ್ ಫ್ಲಾಷರುಗಳಲ್ಲಿ ಕೆಲವು, ಭಾರ ಕಮ್ಮಿಯಾದರೆ ಒಂದು ಬಲ್ಬು ಹೋಗಿದೆ ಎಂದುಕೊಂಡು ಡ್ರೈವರಿಗೆ ತಿಳಿಸಲೆಂದೇ ಜೋರಾಗಿ ಮಿಣುಕುತ್ತವೆ. ನಿಯಮದ ಪ್ರಕಾರ ಇಂಡಿಕೇಟರು ನಿಮಿಷಕ್ಕೆ 60ಕ್ಕೆ ಕಮ್ಮಿಯಿಲ್ಲದೆ, 120 ಮೀರದೆ ಮಿಣುಕಬೇಕು. ಗಡಿಯಾರ ಹಿಡಿದು ಎಣಿಸಿ.

ಇದಕ್ಕೆ ಕೆಲವರು ರೆಸಿಸ್ಟರ್ ಹಾಕಿಕೊಡುತ್ತಾರೆ. 6 ಓಮಿನ ಒಂದು ತುಂಡು ಬಲ್ಬಿನ ಜೊತೆ ಸೇರಿಸಿ, ಎರಡು ಆಂಪಿಯರ್ ಸುಮ್ಮನೆ ಸುಡಿಸಿ ಫ್ಲಾಷರಿಗೆ ಮೋಸ ಮಾಡುವ ಉಪಾಯ. ನನಗಂತೂ ಇದು ಸುತರಾಂ ಒಪ್ಪಿಗೆಯಿಲ್ಲ. ಉಳಿಸಿದ ಕರೆಂಟೆಲ್ಲ ಅದರಲ್ಲೇ ಹೋಯಿತು. ಮೇಲಾಗಿ ಅದು ಮುಟ್ಟಲಾರದಷ್ಟು ಕಾಯುತ್ತದೆ. ಒಣಹುಲ್ಲು ಹೇರುವ ಟ್ರೇಲರಿನ ಹಿಂಬದಿಗೆ ಕೆಂಡದಂಥ ವಸ್ತು ಕಟ್ಟಿಕೊಂಡು ಹೋಗುವುದು ಯಾವ ಬುದ್ಧಿವಂತಿಕೆ?

ಸರಿಯಾದ ದಾರಿ ಅಂದರೆ ಎಲ್‌ಇಡಿಗೂ ನಡೆಯುವ ಎಲೆಕ್ಟ್ರಾನಿಕ್ ಫ್ಲಾಷರನ್ನೇ ಹಾಕುವುದು. ಕೊಳ್ಳುವಾಗ ಒಂದು ಮಾತು ನೆನಪಿಡಿ. ನಮ್ಮಲ್ಲಿ ಟ್ರೇಲರು ಒಬ್ಬರದು, ಟ್ರ್ಯಾಕ್ಟರು ಇನ್ನೊಬ್ಬರದು, ಮುಯ್ಯಿಗೆ ಆಳಿನಂತೆ ಅದೂ ಓಡಾಡುತ್ತದೆ. ಇಂದು ಎಲ್‌ಇಡಿ ಟ್ರೇಲರು, ನಾಳೆ ಹಳೇ ಬಲ್ಬಿನದು. ಹಾಗಾಗಿ ಎರಡು ವ್ಯಾಟಿಗೂ ಮಿಣುಕುವ, ಒಂದು ಬದಿಗೆ ಮೂರು 21 ವ್ಯಾಟಿನ ಬಲ್ಬು ಸೇರಿದರೂ ತಡೆಯುವಂಥದ್ದನ್ನು ಕೇಳಿ. ಫ್ಲಾಷರಿನ ಕಾಲುಗಳ ಗುರುತನ್ನೂ ನೋಡಿ. ಎರಡು ಕಾಲಿನದಕ್ಕೆ ಬದಲು ಮೂರು ಕಾಲಿನದು ಬಂದರೆ, ಮೂರನೆಯದು ಕೆಲವದರಲ್ಲಿ ಅರ್ತು, ಕೆಲವದರಲ್ಲಿ ಡ್ಯಾಷ್‌ಬೋರ್ಡಿನ ದೀಪಕ್ಕೆ. ಅದಲು ಬದಲಾದರೆ ಸುಟ್ಟೇ ಹೋಗುತ್ತದೆ. ಕೈ ಹಾಕುವ ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿಡಿ.

ಎಡಕ್ಕೆ ಹಾಕಿದರೆ ನಾಲ್ಕೂ ಕಡೆ ಮಿಣುಕುವ ವಿಚಿತ್ರವೂ ಉಂಟು. ಡ್ಯಾಷ್‌ಬೋರ್ಡಿನಲ್ಲಿ ಎಡಬಲ ಎರಡಕ್ಕೂ ಒಂದೇ ಸೂಚನೆ ದೀಪ ಇರುವ ಗಾಡಿಗಳಲ್ಲಿ ಅದರ ಒಂದು ವೈರು ಎಡಕ್ಕೆ, ಇನ್ನೊಂದು ಬಲಕ್ಕೆ ಸೇರಿರುತ್ತದೆ. ಎಡಕ್ಕೆ ಹಾಕಿದಾಗ ಆ ದೀಪದ ಕರೆಂಟು ಬಲಗಡೆ ಬಲ್ಬುಗಳ ಮೂಲಕ ಅರ್ತಿಗೆ ಇಳಿಯುತ್ತದೆ. ಹಳೇ ಬಲ್ಬಿಗೆ ಅಷ್ಟು ಸಾಲದು, ಎಲ್‌ಇಡಿಗೆ ಅಷ್ಟೇ ಸಾಕು. ಎರಡು ಬದಿಯ ವೈರಿಗೂ ಒಂದೊಂದು ಡಯೋಡು ಹಾಕಿ ಒಂದು ತುದಿಗೆ ಕೂಡಿಸಿ, ದೀಪದ ಇನ್ನೊಂದು ತುದಿಯನ್ನು ನೇರ ಅರ್ತಿಗೆ ಕೊಟ್ಟರೆ ಸರಿಹೋಗುತ್ತದೆ. ಎಲೆಕ್ಟ್ರಿಷಿಯನ್‌ಗೆ ಇದು ಅರ್ಧ ಗಂಟೆಯ ಕೆಲಸ.

ಬಣ್ಣದ ವಿಷಯ. ಕೆಂಪು ಗಾಜಿನ ಹಿಂದೆ ಕೆಂಪು ಎಲ್‌ಇಡಿಯನ್ನೇ, ಹಳದಿ ಗಾಜಿಗೆ ಹಳದಿಯನ್ನೇ ಹಾಕಿ. ಬಿಳಿ ಎಲ್‌ಇಡಿ ನಿಜಕ್ಕೂ ನೀಲಿ ಬೆಳಕಿನದು, ಮೇಲೆ ಹಳದಿ ಪುಡಿ ಬಳಿದು ಬಿಳಿ ಮಾಡಿರುತ್ತಾರೆ. (ಆ ನೀಲಿಯನ್ನು ಸಾಧಿಸಿದ ಮೂವರಿಗೆ 2014ರಲ್ಲಿ ನೊಬೆಲ್ ಬಂತು.) ಅದರಲ್ಲಿ ಕೆಂಪಿನ ಅಂಶ ಕಮ್ಮಿ, ಕೆಂಪು ಗಾಜು ದಾಟಿ ಬರುವುದೂ ಕಮ್ಮಿ. ಕೈಯಲ್ಲಿ ಹಿಡಿದಾಗ ಕಣ್ಣು ಕೋರೈಸಿದ್ದು ಗಾಜಿನೊಳಗೆ ಮಂಕಾಗುವುದು ಇದಕ್ಕೇ. ವೋಲ್ಟಿನ ಜಾಗದಲ್ಲಿ 10ರಿಂದ 30 ಅಂತ ಬರೆದದ್ದು ಸಿಕ್ಕರೆ ಒಳ್ಳೆಯದು. ಹಳೇ ಗಾಡಿಗಳ ಚಾರ್ಜಿಂಗ್ ಏರಿಳಿತಕ್ಕೆ ಅಗ್ಗದ ಬಲ್ಬು ತಾಳುವುದಿಲ್ಲ.

ಇಷ್ಟಾದರೂ ಟ್ರೇಲರಿಗೆ ಬಲ್ಬು ಮಾತ್ರ ಬದಲಿಸುವುದಕ್ಕಿಂತ, ಪರೀಕ್ಷೆಯಾಗಿ ಬಂದ ಮುಚ್ಚಿದ ಎಲ್‌ಇಡಿ ದೀಪವನ್ನು ಇಡಿಯಾಗಿ ಕೂರಿಸುವುದೇ ಮೇಲು. ಹಳೇ ದೀಪದ ಹಿಂಬದಿಯ ಹೊಳಪು ಬಟ್ಟಲು ತಂತಿಯ ಬಲ್ಬಿಗೆಂದು ಮಾಡಿದ್ದು. ಬೆಳಕನ್ನು ಒಂದೇ ಕಡೆ ಚೆಲ್ಲುವ ಎಲ್‌ಇಡಿಯಲ್ಲಿ ಪಕ್ಕದಿಂದ ಬರುವವನಿಗೆ ಕಾಣದೆ ಹೋಗಬಹುದು. ಮುಚ್ಚಿದ ದೀಪಕ್ಕೆ ದೂಳು ನೀರಿನ ಕಾಟವೂ ಕಮ್ಮಿ.

ಈಗ ಅರ್ತು. ಟ್ರೇಲರಿನ ದೀಪದ ರೋಗ ಬಹಳ ಸಲ ಇರುವುದು ಇಲ್ಲೇ. ಎಷ್ಟೋ ಟ್ರೇಲರುಗಳಲ್ಲಿ ಅರ್ತಿಗೆ ಬೇರೆ ವೈರೇ ಇರುವುದಿಲ್ಲ. ಕೊಂಡಿಯ ಪಿನ್ನಿನ ಮೂಲಕ ಹೇಗೋ ಕರೆಂಟು ವಾಪಸ್ಸು ಹೋಗಲಿ ಅಂತ ಬಿಟ್ಟಿರುತ್ತಾರೆ. ತುಕ್ಕು, ಗ್ರೀಸು, ಮಣ್ಣು ಸೇರಿದ ಪಿನ್ನು ಅದು. ಒಂದು ಸಲ ಮುಟ್ಟುತ್ತದೆ, ಒಂದು ಸಲ ಇಲ್ಲ. ಪ್ಲಗ್ಗಿನಿಂದ ಪ್ರತಿ ದೀಪದವರೆಗೂ ಅರ್ತಿಗೆಂದೇ ದಪ್ಪ ವೈರು ಎಳೆಸಿ. ಪ್ಲಗ್ಗಿನ ಪಿನ್ನುಗಳನ್ನು ಉಪ್ಪುಕಾಗದದಿಂದ ಉಜ್ಜಿ ಹೊಳಪು ಮಾಡಿ.

ಆಮೇಲೆ ಮಟಮಟ ಮಧ್ಯಾಹ್ನದಲ್ಲಿ ಮನೆಯವರೊಬ್ಬರನ್ನು ಮೂವತ್ತು ಹೆಜ್ಜೆ ಹಿಂದೆ ನಿಲ್ಲಿಸಿ. ಪಾರ್ಕಿಂಗ್ ಹಾಕಿ ಬ್ರೇಕು ತುಳಿದಾಗ ಬೆಳಕು ಒಮ್ಮೆಲೇ ಏರಿದ್ದು ಅವರಿಗೆ ತಿಳಿಯಬೇಕು. ಕಳಪೆ ಎಲ್‌ಇಡಿಯಲ್ಲಿ ಎರಡಕ್ಕೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ, ಅಂಥದ್ದನ್ನು ವಾಪಸ್ಸು ಕೊಡಿ. ಬ್ರೇಕು ಒತ್ತಿಕೊಂಡೇ ಇಂಡಿಕೇಟರು ಹಾಕಿ. ಬ್ರೇಕಿನ ಕೆಂಪೂ ಜೊತೆಗೆ ಮಿಣುಕಿದರೆ ಅರ್ತು ಇನ್ನೂ ಸರಿಯಾಗಿಲ್ಲ ಅಂತ ಲೆಕ್ಕ.

ಹುಲ್ಲು ಹೇರಿದ ದಿನ ಯಾವ ದೀಪವೂ ಕಾಣುವುದಿಲ್ಲ, ಹೊರೆ ಹಿಂದಕ್ಕೆ ಇಳಿಬಿದ್ದು ಎಲ್ಲ ಮುಚ್ಚಿಹೋಗುತ್ತದೆ. ಅದಕ್ಕೊಂದು ಹಗುರ ಹಲಗೆಗೆ ಎರಡು ಕೆಂಪು, ಎರಡು ಹಳದಿ ಎಲ್‌ಇಡಿ ದೀಪ ಜೋಡಿಸಿ, ಹೊಳೆಯುವ ಕೆಂಪು ಪಟ್ಟಿ ಅಂಟಿಸಿ, ಹದಿನೈದು ಅಡಿ ವೈರು ಬಿಟ್ಟು ಟ್ರೇಲರಿನ ವೈರಿಗೆ ಸಿಕ್ಕಿಸುವಂತೆ ಮಾಡಿಟ್ಟುಕೊಳ್ಳಬಹುದು. ಹೊರೆ ಬಿಗಿದ ಹಗ್ಗಕ್ಕೇ, ಎಲ್ಲಕ್ಕಿಂತ ಹಿಂದೆ, ಕಾರಿನವನ ಕಣ್ಣಿನ ಎತ್ತರಕ್ಕೆ ಅದನ್ನು ಕಟ್ಟಿ. ಹುಲ್ಲು ಇಳಿಸಿದ ಮೇಲೆ ಬಿಚ್ಚಿ ಒಳಗಿಟ್ಟರಾಯಿತು.