ಅನ್ವಯಕ್ರಮದಿಂದ ಪ್ರಶ್ನಾಭಾಷೆ: ಹೊಲದ ಉತಾರದ ಉದಾಹರಣೆಯೊಡನೆ ಒಂದು ಪಾಠ

ಗ್ರಾಮೀಣ ಶಾಲೆಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಪದವಿ ಪಡೆದು, ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಹೊಸದಾಗಿ ಉದ್ಯೋಗಕ್ಕೆ ಸೇರುವ ತರುಣ ತರುಣಿಯರಿಗೆ ಇಂದು ಎದುರಾಗುವ ಮೊದಲ ಪರೀಕ್ಷೆ ಗಣಕದೊಳಗಿನ ದಾಖಲೆಗಳನ್ನು ಪ್ರಶ್ನಿಸಿ ಉತ್ತರ ಪಡೆಯುವ ವಿದ್ಯೆ. ಬ್ಯಾಂಕು, ವಿಮಾ ಸಂಸ್ಥೆ, ಸಹಕಾರಿ ಸಂಘ, ಸರಕಾರಿ ಇಲಾಖೆ, ಯಾವುದೇ ಇರಲಿ, ಹಿಂದೆ ಕಪಾಟುಗಳಲ್ಲಿದ್ದ ಖಾತೆ ಕಿರ್ದಿಗಳೆಲ್ಲ ಈಗ ಡೇಟಾಬೇಸ್ ಎಂಬ ದತ್ತಾಂಶಕೋಶದಲ್ಲಿವೆ. ಅದರೊಡನೆ ಮಾತನಾಡುವ ಭಾಷೆಗೆ ಎಸ್‌ಕ್ಯೂಎಲ್ ಎಂದು ಹೆಸರು. ಕೆಲಸಕ್ಕೆ ಹಾಜರಾಗಲು ಒಂದು ತಿಂಗಳಿರುವಾಗ ಇದನ್ನು ಕಲಿಯಬೇಕೆಂದರೆ ಹಳ್ಳಿಯ ವಿದ್ಯಾರ್ಥಿ ಎದೆಗುಂದುವುದುಂಟು. ಅವನ ಅಂಜಿಕೆಗೆ ಕಾರಣ ಎರಡು: ಭಾಷೆಯ ಪದಗಳೆಲ್ಲ ಇಂಗ್ಲಿಷಿನವು ಎಂಬುದೊಂದು, ಗಣಿತದಲ್ಲಿ ಮುಂದಿರುವವರಿಗೆ ಮಾತ್ರ ಇದು ಸಾಧ್ಯವೆಂಬ ತಿಳಿವಳಿಕೆ ಇನ್ನೊಂದು. ಎರಡಕ್ಕೂ ಆಧಾರವಿಲ್ಲ. ಶಾಲೆಯಲ್ಲಿ ಹಳಗನ್ನಡ ಪದ್ಯವನ್ನು ಅನ್ವಯಿಸಿ ಅರ್ಥ ಹೇಳಲು ಕಲಿತವನಿಗೆ ಈ ವಿದ್ಯೆಯ ಅರ್ಧ ಭಾಗ ಆಗಲೇ ಬಂದಿದೆ. ಮಿಕ್ಕ ಅರ್ಧವನ್ನು ಅವನ ಮನೆಯ ಪೆಟ್ಟಿಗೆಯಲ್ಲಿರುವ ಹೊಲದ ಉತಾರವೇ ಕಲಿಸಬಲ್ಲದು.

ಮೊದಲು ಈ ಭಾಷೆಯ ಹುಟ್ಟನ್ನು ಅರಿಯುವುದು ಉಚಿತ. ಐ.ಬಿ.ಎಂ. ಸಂಸ್ಥೆಯಲ್ಲಿದ್ದ ಎಡ್ಗರ್ ಕಾಡ್ ಎಂಬ ವಿದ್ವಾಂಸನು 1970ರಲ್ಲಿ, ದತ್ತಾಂಶವನ್ನೆಲ್ಲ ಸಾಲು ಮತ್ತು ಅಂಕಣಗಳುಳ್ಳ ಪಟ್ಟಿಗಳಾಗಿ ಭಾವಿಸಬಹುದೆಂದು ಪ್ರತಿಪಾದಿಸಿದನು. ಅದೇ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಎಂಬಿಬ್ಬರು 1974ರಲ್ಲಿ ಆ ಪಟ್ಟಿಗಳನ್ನು ಪ್ರಶ್ನಿಸುವ ಭಾಷೆಯೊಂದನ್ನು ರಚಿಸಿ ಸೀಕ್ವೆಲ್ ಎಂದು ಕರೆದರು. ಹೆಸರು ಮುಂದೆ ಮೊಟಕಾಗಿ ಈಗಿನ ರೂಪ ತಾಳಿತು. ಗಣಕತಜ್ಞರಲ್ಲದವರೂ ಸಾಮಾನ್ಯ ಇಂಗ್ಲಿಷ್ ವಾಕ್ಯದಂತೆ ಬರೆದು ಉತ್ತರ ಪಡೆಯಬೇಕೆಂಬುದೇ ಅವರ ಉದ್ದೇಶವಾಗಿತ್ತು. ಆದಕಾರಣ ಇದರ ಶಬ್ದಸಂಪತ್ತು ಅತ್ಯಲ್ಪ. ನಿತ್ಯದ ಕೆಲಸಕ್ಕೆ ಸೆಲೆಕ್ಟ್, ಫ್ರಂ, ವೇರ್, ಗ್ರೂಪ್ ಬೈ, ಹ್ಯಾವಿಂಗ್, ಆರ್ಡರ್ ಬೈ, ಜಾಯಿನ್ ಎಂಬ ಏಳೆಂಟು ಪದಗಳು ಸಾಕು. ಅಮರಕೋಶವನ್ನು ಬಾಯಿಪಾಠ ಮಾಡುತ್ತಿದ್ದ ನಾಡಿನಲ್ಲಿ ಏಳೆಂಟು ಪದಗಳಿಗೆ ಹೆದರುವುದೇಕೆ?

ಇನ್ನು ಉತಾರ. ಕಂದಾಯ ಇಲಾಖೆ ಪಹಣಿ ಎಂದು ಕರೆಯುವ ಈ ಪತ್ರ ಧಾರವಾಡ ಸೀಮೆಯ ರೈತನ ಬಾಯಲ್ಲಿ ಉತಾರ. ಸರ್ವೆ ನಂಬರು, ಹಿಸ್ಸಾ, ವಿಸ್ತೀರ್ಣ, ಆಕಾರ, ಕಬ್ಜೆದಾರನ ಹೆಸರು, ಮಣ್ಣಿನ ತರಹ, ನೀರಿನ ಮೂಲ, ಬೆಳೆ, ಬೋಜಾ, ಇವೆಲ್ಲ ಅದರ ಅಂಕಣಗಳು. ಕುಲಕರ್ಣಿಗಳ ಕಾಲದಿಂದ ತಲಾಠಿಗಳ ಕಾಲದವರೆಗೆ ಕೈಬರಹದಲ್ಲಿ ನಡೆದು ಬಂದ ಈ ಲೆಕ್ಕವನ್ನು ಕರ್ನಾಟಕ ಸರಕಾರವು ‘ಭೂಮಿ’ ಯೋಜನೆಯಡಿ ಗಣಕಕ್ಕೆ ತುಂಬಿಸಿತು. 2002ರ ಹೊತ್ತಿಗೆ ಅಂದಿನ 177 ತಾಲೂಕು ಕೇಂದ್ರಗಳಲ್ಲಿ ಸುಮಾರು 2 ಕೋಟಿ ಪಹಣಿಗಳು, 67 ಲಕ್ಷ ರೈತರ ಹೆಸರಿನಲ್ಲಿ, ಗಣಕಾರೂಢವಾದವು. ಅದುವರೆಗೆ ಗಣಕವನ್ನೇ ಮುಟ್ಟದಿದ್ದ ಎಷ್ಟೋ ಗ್ರಾಮಲೆಕ್ಕಿಗರು ಅಲ್ಪಾವಧಿಯ ತರಬೇತಿಯಲ್ಲಿ ಈ ಕಾರ್ಯ ನಿರ್ವಹಿಸಿದರು. ಅವರು ಪ್ರಶ್ನಾಭಾಷೆಯನ್ನು ಬರೆಯಲಿಲ್ಲ, ಸಿದ್ಧಪಡಿಸಿದ ತೆರೆಗಳ ಮೇಲೆ ಕೆಲಸ ಮಾಡಿದರು, ನಿಜ. ಆದರೆ ಯಾವ ಅಂಕಣ ಏನನ್ನು ಹೇಳುತ್ತದೆಂಬ ಜ್ಞಾನ ಅವರಿಗಿದ್ದುದರಿಂದಲೇ ಕಲಿಕೆ ಬೇಗ ಸಾಗಿತೆಂಬುದನ್ನು ಗಮನಿಸಬೇಕು.

ಈಗ ಪಾಠಕ್ಕೆ ಬರೋಣ. ಹತ್ತು ಹನ್ನೆರಡು ಹೊಲಗಳ ಉತಾರವನ್ನು ಒಂದು ಪಟ್ಟಿಯಾಗಿ ಬರೆದುಕೊಳ್ಳಬೇಕು. ಪಟ್ಟಿಗೆ ‘ಉತಾರ’ ಎಂದೇ ಹೆಸರಿಡಬಹುದು. ಗ್ರಾಮ, ಸರ್ವೆನಂಬರು, ರೈತ, ವಿಸ್ತೀರ್ಣ, ಬೆಳೆ ಎಂಬ ಐದು ಅಂಕಣಗಳಿರಲಿ. ನವಲಗುಂದ ತಾಲೂಕಿನ ಮೊರಬ ಗ್ರಾಮದ ರೈತರ ಪಟ್ಟಿ ಬೇಕಾದರೆ ಪ್ರಶ್ನೆಯನ್ನು ಹೀಗೆ ಬರೆಯುತ್ತಾರೆ:

ಸೆಲೆಕ್ಟ್ ರೈತ, ವಿಸ್ತೀರ್ಣ ಫ್ರಂ ಉತಾರ ವೇರ್ ಗ್ರಾಮ = 'ಮೊರಬ' ಆರ್ಡರ್ ಬೈ ವಿಸ್ತೀರ್ಣ

ಇಂಗ್ಲಿಷಿನಲ್ಲಿ ಕ್ರಿಯಾಪದ ಮುಂದೆ ನಿಲ್ಲುವುದರಿಂದ ‘ಆರಿಸು’ ಎಂಬರ್ಥದ ಸೆಲೆಕ್ಟ್ ಮೊದಲು ಬಂದಿದೆ. ಏನನ್ನು ಆರಿಸಬೇಕು, ಎಲ್ಲಿಂದ ಆರಿಸಬೇಕು ಎಂಬುದು ಗೊತ್ತಾಗುವ ಮೊದಲೇ ‘ಆರಿಸು’ ಎಂಬ ಆಜ್ಞೆ! ಕನ್ನಡ ಮಾಧ್ಯಮದ ವಿದ್ಯಾರ್ಥಿ ಮುಗ್ಗರಿಸುವುದು ಇಲ್ಲಿಯೇ. ಪದ್ಯದಲ್ಲಿ ಹಿಂದುಮುಂದಾಗಿರುವ ಪದಗಳನ್ನು ಗದ್ಯಕ್ರಮಕ್ಕೆ ತರುವಂತೆ ಇದನ್ನೂ ಅನ್ವಯಿಸಿಕೊಂಡರೆ ಹೀಗಾಗುತ್ತದೆ: ‘ಉತಾರದ ಪಟ್ಟಿಯಿಂದ, ಗ್ರಾಮವು ಮೊರಬವಾಗಿರುವ ಸಾಲುಗಳಲ್ಲಿ, ರೈತನ ಹೆಸರನ್ನೂ ವಿಸ್ತೀರ್ಣವನ್ನೂ ಆರಿಸಿ, ವಿಸ್ತೀರ್ಣದ ಕ್ರಮದಲ್ಲಿ ಇಡು.’ ಪಂಚಮೀ ವಿಭಕ್ತಿಯಲ್ಲಿ ಪಟ್ಟಿ, ಸಪ್ತಮಿಯಲ್ಲಿ ಸಾಲು, ದ್ವಿತೀಯೆಯಲ್ಲಿ ಅಂಕಣ, ಕೊನೆಯಲ್ಲಿ ಕ್ರಿಯೆ. ಸ್ವಾರಸ್ಯವೆಂದರೆ ಈ ಭಾಷೆಯ ನಿಯಮಗಳ ಪ್ರಕಾರ ಪ್ರಶ್ನೆಯನ್ನು ಅರ್ಥೈಸುವ ಕ್ರಮವೂ ಇದೇ: ಮೊದಲು ಫ್ರಂ, ಅನಂತರ ವೇರ್, ಆ ಮೇಲೆ ಸೆಲೆಕ್ಟ್, ಕಡೆಗೆ ಆರ್ಡರ್ ಬೈ. ಬರೆಯುವುದು ಇಂಗ್ಲಿಷ್ ಕ್ರಮದಲ್ಲಿ, ನಡೆಯುವುದು ಕನ್ನಡದ ಕ್ರಮದಲ್ಲಿ. ಆದುದರಿಂದ ಪ್ರಶ್ನೆಯನ್ನು ಮೊದಲು ಕನ್ನಡದಲ್ಲಿ ಪೂರ್ಣವಾಕ್ಯವಾಗಿ ಬರೆದು, ಬಳಿಕ ಎಸ್‌ಕ್ಯೂಎಲ್ಲಿಗೆ ತಿರುಗಿಸುವುದು ಹಿಂದುಳಿದವರ ಊರುಗೋಲೆಂದು ಯಾರೂ ಹಳಿಯಬೇಕಿಲ್ಲ. ಅದು ನೆಟ್ಟಗಿನ ದಾರಿ.

ಇದರ ಪ್ರಯೋಜನ ಕೂಡಲೇ ಕಾಣುತ್ತದೆ. ಸೆಲೆಕ್ಟ್ ಭಾಗದಲ್ಲಿ ಒಂದು ಲೆಕ್ಕಕ್ಕೆ ಹೊಸ ಹೆಸರು ಕೊಟ್ಟು ಅದನ್ನೇ ವೇರ್ ಭಾಗದಲ್ಲಿ ಬಳಸಿದರೆ ಹೆಚ್ಚಿನ ದತ್ತಾಂಶಕೋಶಗಳು ಒಪ್ಪುವುದಿಲ್ಲ. ಕಲಿಯುವವನು ‘ಮೇಲೆಯೇ ಹೆಸರಿಟ್ಟೆನಲ್ಲ’ ಎಂದು ಬೆರಗಾಗುತ್ತಾನೆ. ಅನ್ವಯ ಬಲ್ಲವನಿಗೆ ಬೆರಗಿಲ್ಲ. ವೇರ್ ನಡೆಯುವಾಗ ಸೆಲೆಕ್ಟ್ ಇನ್ನೂ ನಡೆದೇ ಇರುವುದಿಲ್ಲ. ವೇರ್‌ಗೂ ಹ್ಯಾವಿಂಗ್‌ಗೂ ಭೇದವೇನೆಂಬ, ಉದ್ಯೋಗದ ಸಂದರ್ಶನಗಳಲ್ಲಿ ಮೇಲಿಂದ ಮೇಲೆ ಕೇಳುವ ಪ್ರಶ್ನೆಗೂ ಇಲ್ಲಿಯೇ ಉತ್ತರವಿದೆ. ‘ಹತ್ತಿ ಬೆಳೆದ ಹೊಲಗಳನ್ನು ಗ್ರಾಮವಾರು ಕೂಡಿಸಿ, ಮೊತ್ತವು ನೂರೆಕರೆ ಮೀರಿದ ಗ್ರಾಮಗಳನ್ನು ಆರಿಸು.’ ‘ಬೆಳೆದ’ ಎಂಬ ಕೃದಂತ ಕೂಡಿಸುವುದಕ್ಕೆ ಮುಂಚಿನದು, ಅದು ವೇರ್. ‘ಮೀರಿದ’ ಎಂಬುದು ಕೂಡಿಸಿದ ಅನಂತರದ್ದು, ಅದು ಹ್ಯಾವಿಂಗ್. ನಡುವಿನ ‘ಗ್ರಾಮವಾರು’ ಎಂಬುದೇ ಗ್ರೂಪ್ ಬೈ.

ಭಾಷೆಯ ಮಾತು ಇಷ್ಟೇ. ಎರಡು ಮೂರು ವಾರಗಳಲ್ಲಿ, ದಿನಕ್ಕೆರಡು ತಾಸು ಅಭ್ಯಾಸ ಮಾಡಿದರೆ ಇದು ಕೈವಶವಾಗುತ್ತದೆ. ಎಸ್‌ಕ್ಯೂಲೈಟ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಸಾಮಾನ್ಯ ಗಣಕದಲ್ಲಿಯೂ ನಡೆಯುತ್ತದೆ, ಕನ್ನಡ ಅಕ್ಷರಗಳನ್ನೂ ಒಪ್ಪುತ್ತದೆ. ಕಠಿಣವಾದುದು ಮುಂದಿದೆ. ವ್ಯಾಕರಣ ತಪ್ಪಿದರೆ ಯಂತ್ರ ತಪ್ಪೆಂದು ಹೇಳುತ್ತದೆ. ಅರ್ಥ ತಪ್ಪಿದರೆ ಹೇಳುವುದಿಲ್ಲ. ತಪ್ಪು ಉತ್ತರವನ್ನೂ ಸರಿಯುತ್ತರದಷ್ಟೇ ಅಂದವಾಗಿ ಮುದ್ರಿಸಿ ಕೊಡುತ್ತದೆ.

ಎಕರೆ ಗುಂಟೆಗಳ ಲೆಕ್ಕವನ್ನೇ ನೋಡಬಹುದು. ಎಕರೆಗೆ 40 ಗುಂಟೆ ಎಂಬುದನ್ನು ರೈತನ ಮಕ್ಕಳಿಗೆ ಹೇಳಬೇಕಾಗಿಲ್ಲ. 1 ಎಕರೆ 38 ಗುಂಟೆಯನ್ನು 1.38 ಎಂದು ಬರೆಯುವುದೂ ರೂಢಿ. 1.38, 2.35, 0.39 ಎಂಬ ಮೂರು ಹೊಲಗಳನ್ನು ಕೂಡಿಸಲು ಹೇಳಿದರೆ ಯಂತ್ರವು ಚುಕ್ಕೆಯನ್ನು ದಶಾಂಶವೆಂದು ಬಗೆದು 4.12 ಎನ್ನುತ್ತದೆ. ನೋಡಿದವರು 4 ಎಕರೆ 12 ಗುಂಟೆ ಎಂದು ಓದುತ್ತಾರೆ. ವಾಸ್ತವದಲ್ಲಿ ಆ ಹೊಲಗಳು 78, 115, 39 ಗುಂಟೆ, ಒಟ್ಟು 232 ಗುಂಟೆ, ಅಂದರೆ 5 ಎಕರೆ 32 ಗುಂಟೆ. ಒಂದೂವರೆ ಎಕರೆ ಎರೆಭೂಮಿ ಸದ್ದಿಲ್ಲದೆ ಮಾಯವಾಯಿತು. ಉತ್ತರ 3.50 ಎಂದು ಬಂದಿದ್ದರೆ ಐವತ್ತು ಗುಂಟೆ ಎಲ್ಲಿಂದ ಬಂತೆಂದು ಯಾರಾದರೂ ಕೇಳುತ್ತಿದ್ದರು, 4.12ನ್ನು ಯಾರೂ ಕೇಳುವುದಿಲ್ಲ. ಎಲ್ಲವನ್ನೂ ಗುಂಟೆಗೆ ಇಳಿಸಿ, ಕೂಡಿಸಿ, ಮತ್ತೆ ಎಕರೆಗೆ ಏರಿಸುವುದೇ ಸರಿಯಾದ ಕ್ರಮ.

ಜಾಯಿನ್ ಎಂಬ ಜೋಡಣೆಯಲ್ಲಿ ಅಪಾಯ ಇನ್ನೂ ಹೆಚ್ಚು. ಹೊಲಗಳದು ಒಂದು ಪಟ್ಟಿ, ಮಾಲೀಕರದು ಇನ್ನೊಂದು ಪಟ್ಟಿ. ಎರಡನ್ನೂ ಸರ್ವೆ ನಂಬರಿನಿಂದ ಜೋಡಿಸುತ್ತಾರೆ. 6 ಎಕರೆಯ ಹೊಲ ಮೂವರು ಅಣ್ಣತಮ್ಮಂದಿರ ಜಂಟಿ ಹೆಸರಿನಲ್ಲಿದ್ದರೆ ಜೋಡಣೆಯಾದ ಮೇಲೆ ಅದೇ ಹೊಲ ಮೂರು ಸಾಲುಗಳಲ್ಲಿ ಬರುತ್ತದೆ, ಕೂಡಿಸಿದರೆ 18 ಎಕರೆ! ನವಲಗುಂದದ ಎರೆಹೊಲದಲ್ಲಿ ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ ಬೆಳೆದ ರೈತನನ್ನು ಬೆಳೆಯ ಪಟ್ಟಿಯಿಂದ ಎಣಿಸಿದರೆ ಅವನು ಇಬ್ಬರಾಗುತ್ತಾನೆ. (‘ಹೆಸರು’ ಎಂದರೆ ಬೆಳೆಯೂ ಹೌದು, ಅಂಕಣದ ನಾಮಧೇಯವೂ ಹೌದೆಂಬ ತೊಡಕು ಕನ್ನಡದಲ್ಲಿ ಮಾತ್ರ ಬರಬಲ್ಲದು. ಅಂಕಣಕ್ಕೆ ‘ರೈತ’ ಎಂದಿಡುವುದು ಕ್ಷೇಮ.) ಇದಕ್ಕೆ ವ್ಯತಿರಿಕ್ತವಾಗಿ, ಬೆಳೆ ನಮೂದಾಗದ ಹೊಲವು ಸಾಮಾನ್ಯ ಜೋಡಣೆಯಲ್ಲಿ ಪಟ್ಟಿಯಿಂದಲೇ ಬಿದ್ದುಹೋಗುತ್ತದೆ. ಬೆಳೆಹಾನಿಯ ಪರಿಹಾರಕ್ಕಾಗಿ ಅಂಥ ಪಟ್ಟಿ ಸಿದ್ಧವಾದರೆ ಬೆಣ್ಣಿಹಳ್ಳದ ನೆರೆಯಲ್ಲಿ ಬೆಳೆ ಕಳೆದುಕೊಂಡ ರೈತ ದಾಖಲೆಯಲ್ಲಿಯೂ ಕಳೆದುಹೋಗುತ್ತಾನೆ. ಎಡಗಡೆಯ ಪಟ್ಟಿಯ ಎಲ್ಲ ಸಾಲುಗಳನ್ನೂ ಉಳಿಸಿಕೊಳ್ಳುವ ಲೆಫ್ಟ್ ಜಾಯಿನ್ ಎಂಬುದು ಇದಕ್ಕಾಗಿಯೇ ಇದೆ.

ಖಾಲಿ ಬಿಟ್ಟ ಮನೆಯನ್ನು ಈ ಭಾಷೆಯಲ್ಲಿ ನಲ್ ಎನ್ನುತ್ತಾರೆ. ಅದು ಸೊನ್ನೆಯಲ್ಲ, ‘ಇಲ್ಲ’ ಎಂಬುದೂ ಅಲ್ಲ, ‘ಗೊತ್ತಿಲ್ಲ’ ಎಂದರ್ಥ. ‘ಬೆಳೆ ಹತ್ತಿಯಲ್ಲದ ಹೊಲಗಳು’ ಎಂದು ಕೇಳಿದರೆ ಬೆಳೆಯ ಮನೆ ಖಾಲಿಯಿರುವ ಹೊಲಗಳು ಬರುವುದಿಲ್ಲ. ಗೊತ್ತಿಲ್ಲದ್ದನ್ನು ಹತ್ತಿಯೆನ್ನಲೂ ಆಗದು, ಹತ್ತಿಯಲ್ಲವೆನ್ನಲೂ ಆಗದು ಎಂಬ ನ್ಯಾಯ ಇದು. ತರ್ಕಸಮ್ಮತವೇ ಸರಿ, ಆದರೆ ಅರಿಯದವನಿಗೆ ಬಲೆ.

ಹೆಸರುಗಳ ತೊಡಕು ಬೇರೆ. ಯಂತ್ರಕ್ಕೆ ಬಸಪ್ಪ ಬೇರೆ, ಬಸವಪ್ಪ ಬೇರೆ. ಕಲಘಟಗಿ, ಕಲಘಟಿಗಿ ಎಂದು ಎರಡು ಬಗೆಯಾಗಿ ಬರೆದರೆ ಎರಡು ಊರು. ಉತಾರದಲ್ಲಿ ಒಂದು ರೂಪ, ಆಧಾರ್ ಚೀಟಿಯಲ್ಲಿ ಇನ್ನೊಂದು ರೂಪವಿದ್ದರೆ ಹೆಸರಿನಿಂದ ಜೋಡಿಸುವ ಪ್ರಶ್ನೆ ಸೋಲುತ್ತದೆ. ಸೀಮೆಗಳೂ ಬದಲಾಗುತ್ತವೆ. 1997ರಲ್ಲಿ ಗದಗ, ಹಾವೇರಿಗಳು ಧಾರವಾಡದಿಂದ ಬೇರೆ ಜಿಲ್ಲೆಗಳಾದವು. 2017ರಲ್ಲಿ ಘೋಷಿತವಾದ ಹೊಸ ತಾಲೂಕುಗಳಲ್ಲಿ ಅಣ್ಣಿಗೇರಿಯೂ ಒಂದಾಗಿ ನವಲಗುಂದದಿಂದ ಅಗಲಿತು. 2010ರ ಹತ್ತಿಯ ಕ್ಷೇತ್ರವನ್ನೂ 2020ರದನ್ನೂ ‘ತಾಲೂಕು = ನವಲಗುಂದ’ ಎಂದು ಕೇಳಿ ಹೋಲಿಸಿ, ಹತ್ತಿ ಕಡಿಮೆಯಾಯಿತೆಂದು ಪ್ರಬಂಧ ಬರೆದವನು ಬೆಳೆಯ ಇಳಿತವನ್ನಲ್ಲ, ತಾಲೂಕಿನ ಗಡಿಯನ್ನು ಅಳೆದಿದ್ದಾನು.

ದಾಖಲೆ ನುಡಿಯುವುದು ಬೇರೆ, ನೆಲದ ಮೇಲಿರುವುದು ಬೇರೆ ಆದಾಗ ಏನಾಗುತ್ತದೆಂಬುದನ್ನು ಈ ಸೀಮೆ ಕಂಡಿದೆ. ಮಲಪ್ರಭಾ ಕಾಲುವೆಯ ನೀರು ಸರಿಯಾಗಿ ತಲುಪದ ಹೊಲಗಳಿಗೂ ಅಭಿವೃದ್ಧಿ ಕರ ಹೇರಲಾಗಿದೆಯೆಂಬುದು 1980ರ ಜುಲೈ 21ರಂದು ನವಲಗುಂದ ನರಗುಂದಗಳಲ್ಲಿ ಬಂಡೆದ್ದ ರೈತರ ದೂರುಗಳಲ್ಲೊಂದಾಗಿತ್ತು. ಅಂದು ಗಣಕವಿರಲಿಲ್ಲ. ಇಂದು ‘ನೀರಾವರಿ’ ಎಂಬ ಅಂಕಣದ ಮೇಲೆ ಒಂದು ಸಾಲಿನ ಪ್ರಶ್ನೆ ಹಾಕಿ, ಬಂದ ಪಟ್ಟಿಯನ್ನು ಹಾಗೆಯೇ ಮೇಲಕ್ಕೆ ಕಳಿಸುವ ತರುಣನು ಆ ಅಂಕಣವನ್ನು ಯಾರು, ಯಾವಾಗ, ಏನನ್ನು ಕಂಡು ತುಂಬಿದರೆಂದು ವಿಚಾರಿಸದಿದ್ದರೆ ಅವನ ಎಸ್‌ಕ್ಯೂಎಲ್ ಎಷ್ಟು ಶುದ್ಧವಾಗಿದ್ದರೇನು? ಅಣ್ಣಿಗೇರಿಯ ಹೊಲದಲ್ಲಿ ಬೆಳೆದ ಹುಡುಗನಿಗೆ ಈ ಪ್ರಶ್ನೆ ತಾನಾಗಿ ಹೊಳೆಯುತ್ತದೆ. ನಗರದ ಸಹೋದ್ಯೋಗಿಗೆ ಹೊಳೆಯಲಿಕ್ಕಿಲ್ಲ.

ಅಭ್ಯಾಸದ ಕ್ರಮವನ್ನು ಕುರಿತು ಶಿಕ್ಷಕರಿಗೆ ಒಂದು ಸೂಚನೆ. ಹನ್ನೆರಡು ಸಾಲಿನ ಪಟ್ಟಿಯ ಮೇಲೆ ಪ್ರಶ್ನೆ ಹಾಕುವ ಮೊದಲು ಉತ್ತರವನ್ನು ವಿದ್ಯಾರ್ಥಿ ಕೈಯಿಂದ ಬರೆದಿಟ್ಟುಕೊಳ್ಳಲಿ. ಯಂತ್ರದ ಉತ್ತರ ಬೇರೆಯಾದರೆ ಇಬ್ಬರಲ್ಲಿ ಯಾರು ತಪ್ಪಿದರೆಂದು ಸಾಲು ಸಾಲಾಗಿ ತಾಳೆ ನೋಡಲಿ. ಪಟ್ಟಿಯಲ್ಲಿ ಒಂದು ಜಂಟಿ ಖಾತೆ, ಒಂದು ಖಾಲಿ ಮನೆ, ಎರಡು ಬೆಳೆಯ ಒಂದು ಹೊಲ, ಎರಡು ರೂಪದ ಒಂದು ಹೆಸರು ಇವನ್ನು ಬೇಕೆಂದೇ ಸೇರಿಸಿರಬೇಕು. ನಿರ್ದೋಷವಾದ ಪಟ್ಟಿಯಿಂದ ಕಲಿತವನು ಕಚೇರಿಯ ಪಟ್ಟಿಯೆದುರು ಕಕ್ಕಾಬಿಕ್ಕಿಯಾಗುತ್ತಾನೆ.

ದಾಖಲೆಯನ್ನು ತಿದ್ದುವ ಅಪ್ಡೇಟ್, ಅಳಿಸುವ ಡಿಲೀಟ್ ಎಂಬ ಕ್ರಿಯೆಗಳನ್ನು ಈ ಪಾಠದಲ್ಲಿ ಬುದ್ಧಿಪೂರ್ವಕ ಕೈಬಿಡಲಾಗಿದೆ. ವೇರ್ ಮರೆತು ಅವನ್ನು ನಡೆಸಿದರೆ ಪಟ್ಟಿಯ ಸಮಸ್ತ ಸಾಲುಗಳೂ ಬದಲಾಗುತ್ತವೆ. ಹೊಸಬನು ಮೊದಮೊದಲು ಓದುವ ಅಧಿಕಾರವನ್ನಷ್ಟೇ ಕೇಳಿ ಪಡೆಯುವುದು ಲೇಸು.

ಕೆಲಸದ ಮೊದಲ ದಿನ ಕಚೇರಿಯಲ್ಲಿ ಅವನು ಕೇಳಬೇಕಾದ ವಸ್ತುಗಳು ಎರಡೇ. ಯಾವ ಯಾವ ಪಟ್ಟಿಗಳಿವೆ, ಪ್ರತಿಯೊಂದು ಅಂಕಣದ ಅರ್ಥವೇನು ಎಂಬ ವಿವರಪತ್ರ ಒಂದು. ಅದು ಸಿದ್ಧವಿಲ್ಲದಿದ್ದರೆ ಹಿರಿಯ ಗುಮಾಸ್ತರನ್ನು ಕೇಳಿ ತಾನೇ ಬರೆದುಕೊಳ್ಳಬೇಕು. ಆ ಕಚೇರಿಯಿಂದ ಹಿಂದೆ ಹೊರಟು ಎಲ್ಲರೂ ಒಪ್ಪಿದ ಹಳೆಯ ವರದಿ ಇನ್ನೊಂದು. ಆ ವರದಿಯ ಒಂದು ಅಂಕಿಯನ್ನು ಆರಿಸಿಕೊಂಡು, ತನ್ನ ಪ್ರಶ್ನೆಯಿಂದ ಅದೇ ಅಂಕಿ ಬರುವವರೆಗೆ, ಇಲ್ಲವೇ ಏಕೆ ಬರುತ್ತಿಲ್ಲವೆಂಬುದು ತಿಳಿಯುವವರೆಗೆ ಕೂರಬೇಕು. ಮೊದಲ ವಾರ ಅದರಲ್ಲಿಯೇ ಕಳೆದರೂ ನಷ್ಟವಿಲ್ಲ.